ಕರೆಯಲು ಯಾರೂ ಹೋಗಲಿಲ್ಲ

ಕುಸುಮಾವತಿಯ ಗಂಡ ಸತ್ತಿರಲಿಲ್ಲ, ಅವಳನ್ನು ಬಿಟ್ಟು ಓಡಿಹೋಗಿರಲಿಲ್ಲ, ಜೈಲಿನಲ್ಲೂ ಇರಲಿಲ್ಲ. ಅವನು ಅಂಜದೀವದಲ್ಲಿದ್ದ. ನಾಸಿಕದ ಪಂಚವಟಿಯಲ್ಲಿ ಯಾರು ಕೇಳಿದರೂ ಆಕೆ ಅಷ್ಟನ್ನೇ ಹೇಳುತ್ತಿದ್ದಳು. ಅದೆಲ್ಲಿದೆ ಎಂದು ಕೆದಕಿದರೆ "ಸಮುದ್ರದಲ್ಲಿ" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಕಾರವಾರದ ಹತ್ತಿರ ಬಿಣಗೆಯ ದಂಡೆಯಲ್ಲಿ ನಿಂತರೆ ಬರಿಗಣ್ಣಿಗೆ ಕಾಣುವ ಪುಟ್ಟ ದ್ವೀಪ ಅದು. ದಂಡೆ ನಮ್ಮದು, ದ್ವೀಪ ಪೋರ್ಚುಗೀಸರದು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದು ವರ್ಷಗಳು ಕಳೆದರೂ ಆ ಹಿಡಿಯಷ್ಟು ನೆಲದ ಮೇಲೆ ಫಿರಂಗಿಯವರ ಬಾವುಟವೇ ಹಾರುತ್ತಿತ್ತು.

ನಾನು ಮನ್ಮಥಪ್ಪ, ಬೀದರ ಕಡೆಯವನು. ಸರಕಾರಿ ನೌಕರಿಯ ದೆಸೆಯಿಂದ ನಾಸಿಕಕ್ಕೆ ಬಂದು ಬಿದ್ದೆ. ಜೋಳದ ರೊಟ್ಟಿ ಬಿಟ್ಟರೆ ಉಳಿದದ್ದು ಊಟವೇ ಅಲ್ಲ ಎಂದುಕೊಂಡಿದ್ದ ನನ್ನನ್ನು ಇಡ್ಲಿಗೆ ಒಗ್ಗಿಸಿದ್ದು ಅಂಕೋಲೆಯ ಭುಜಂಗನ ಹೋಟೆಲು. ಈ ಭುಜಂಗ ಕುಸುಮಾವತಿಯ ಅಣ್ಣ. ಖಾದಿ ಅಂಗಿ, ಮೂಗಿನ ತುದಿಯಲ್ಲಿ ಸಿಟ್ಟು. ಗಲ್ಲಾದ ಹಿಂದಿನ ಗೋಡೆಯ ಮೇಲೆ ದೇವರಿಗಿಂತ ದೇಶನಾಯಕರ ಪಟಗಳೇ ಹೆಚ್ಚು. ತಂಗಿ ಒಳಗೆ ರುಬ್ಬುವ ಕಲ್ಲಿನ ಮುಂದೆ ಕೂತಿರುತ್ತಿದ್ದಳು. ಗೋದಾವರಿಯ ರಾಮಕುಂಡಕ್ಕೆ ಮೀಯಲು, ಅಸ್ಥಿ ಬಿಡಲು ಬಂದ ಯಾತ್ರಿಕರು ಹುಡುಕಿಕೊಂಡು ಬರುತ್ತಿದ್ದದ್ದು ಅವಳ ಚಟ್ನಿಗಾಗಿ. ಹೆಸರು ಮಾತ್ರ ಭುಜಂಗನದು.

ಅವಳ ಗಂಡ ಜಯರಾಮ ಅಂಜದೀವದಲ್ಲಿ ಒಂದು ಅಂಗಡಿ ಇಟ್ಟಿದ್ದ. ಅಕ್ಕಿ, ತೆಂಗಿನಕಾಯಿ, ಬೀಡಿ, ಸೀಮೆಎಣ್ಣೆಗಳನ್ನು ದೋಣಿಯಲ್ಲಿ ಒಯ್ದು ಅಲ್ಲಿಯ ಮೀನುಗಾರರಿಗೂ ಪಹರೆಯ ಸಿಪಾಯಿಗಳಿಗೂ ಮಾರುತ್ತಿದ್ದ. ಅವನಪ್ಪನೂ ಅದನ್ನೇ ಮಾಡಿದ್ದ. ಅದರಲ್ಲಿ ದೇಶದ್ರೋಹ ಇದೆಯೆಂದು ಇಬ್ಬರಿಗೂ ಹೊಳೆದಿರಲಿಲ್ಲ. 1954ರಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿತು, ಅಂಕೋಲೆಯ ತವರುಮನೆಯಲ್ಲಿ ನಾಮಕರಣ. ಗೋವಾ ಬಿಡಿಸಬೇಕೆಂಬ ಚಳವಳಿಗೆ ಕಾವೇರಿದ್ದ ಕಾಲ, ಭುಜಂಗನ ತಲೆಗೂ ಅದು ಏರಿತ್ತು. ಮಗುವಿನ ಕಿವಿಯಲ್ಲಿ ಹೆಸರು ಹೇಳಲು ತೊಟ್ಟಿಲಿಗೆ ಬಗ್ಗಿದ ಜಯರಾಮನನ್ನು ಅವನು ನೆಂಟರೆಲ್ಲರ ಎದುರಿಗೆ ತಡೆದ.

"ಫಿರಂಗಿಯವರ ಉಪ್ಪು ತಿಂಬವ ನಮ್ಮನೆ ಮಗುವಿಗೆ ಹೆಸ್ರಿಡೂದು ಬೇಡ."

ಜಯರಾಮ ತೊಟ್ಟಿಲಿನಿಂದ ಹಿಂದೆ ಸರಿದ. ಊಟಕ್ಕೆ ಎಲೆ ಹಾಕಿತ್ತು, ಉಣ್ಣದೆ ಎದ್ದು ಹೋದ. ಹೆಸರನ್ನು ಭುಜಂಗನೇ ಇಟ್ಟ, ಹರಿಣಾಕ್ಷಿ ಎಂದು. ಆಮೇಲೆ ಸತ್ಯಾಗ್ರಹ, ಗೋಲಿಬಾರು, ಗಡಿ ಬಂದ್ ಎಲ್ಲ ಒಂದರ ಹಿಂದೊಂದು ಬಂದವು. ದೋಣಿಗಳ ಓಡಾಟ ನಿಂತಿತು. ಜಯರಾಮ ಆಚೆ ಉಳಿದ. ನಾಸಿಕದಲ್ಲಿ ಹೋಟೆಲು ಹಾಕಲು ಹೊರಟ ಭುಜಂಗ ತಂಗಿಯನ್ನೂ ಕೂಸನ್ನೂ ಜೊತೆಗೆ ಕರೆತಂದ. ಗಡಿ ತೆರೆದ ಮೇಲೆ ನೋಡಿದರಾಯಿತು ಎಂದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯಾಗಲಿ ಅವರ ಕಡೆಯಾಗಲಿ, ಮುನಿಸಿಕೊಂಡು ಎದ್ದುಹೋದ ಅಳಿಯ ತಾನಾಗಿ ಮರಳುವುದಿಲ್ಲ. ಹೆಂಡತಿಯ ಅಣ್ಣನೋ ತಮ್ಮನೋ ಅವನ ಬಾಗಿಲಿಗೆ ಹೋಗಿ ನಿಂತು ಬಾಯಿಬಿಟ್ಟು ಕರೆಯಬೇಕು. ಕಾಗದ ಬರೆದರೆ ನಡೆಯದು, ಬೇರೆಯವರ ಕೈಯಲ್ಲಿ ಹೇಳಿಕಳಿಸಿದರೆ ಅದು ಇನ್ನೊಂದು ಅವಮಾನ. ಹೆಂಡತಿ ತಾನೇ ಗಂಟು ಹಿಡಿದು ಹೋದಳೋ, ತವರಿನವರು ಹೊರಗೆ ಹಾಕಿದರು ಎಂದೇ ಅರ್ಥ. ಇದೆಂಥ ಹಾಳು ಕಟ್ಟಳೆ ಎಂದು ನೀವು ಕೇಳಬಹುದು. ನಾನೂ ಕೇಳುತ್ತೇನೆ. ಆದರೆ ಇಟ್ಟುಕೊಂಡವರು ನಾವೇ.

ಗಡಿ ಮುಚ್ಚಿದ್ದಷ್ಟು ಕಾಲ ಕುಸುಮಾವತಿಯ ಬದುಕಿಗೆ ಒಂದು ಮರ್ಯಾದೆ ಇತ್ತು. ಗಂಡ ಯಾಕೆ ಬರುವುದಿಲ್ಲ ಎಂದರೆ ಪೋರ್ಚುಗೀಸರು ಬಿಡುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣ ಬೇಕೆ? ಓಣಿಯ ಮರಾಠಿ ಹೆಂಗಸರು ಅಯ್ಯೋ ಎನ್ನುತ್ತಿದ್ದರು. ಮನೆಯೊಡತಿ ಅನಸೂಯಾಬಾಯಿ ಪ್ರತಿ ಸಂಕ್ರಾಂತಿಗೆ ಅರಿಶಿನ ಕುಂಕುಮಕ್ಕೆ ಕರೆದು ಎಲ್ಲರಿಗಿಂತ ಮೊದಲು ಇವಳ ಹಣೆಗೆ ಇಡುತ್ತಿದ್ದಳು. ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ ಹೇಳುವ ಸರದಿ ಬಂದಾಗ ಇವಳದು ಯಾವಾಗಲೂ ಒಂದೇ. ನಡುವೆ ಕಡಲು, ನಡುವೆ ಕಾವಲು, ಆಚೆ ದಡದಲ್ಲಿ ನನ್ನ ಜಯರಾಮರು ಎಂಬರ್ಥದ್ದು, ಮುರುಕು ಮರಾಠಿಯಲ್ಲಿ. ಅದನ್ನು ಕೇಳಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು ಎಂದು ನನ್ನ ಹೆಂಡತಿ ಈರಮ್ಮ ಹೇಳುತ್ತಿದ್ದಳು.

1961ರ ನವೆಂಬರಿನಲ್ಲಿ ಆ ದ್ವೀಪದಿಂದ ನಮ್ಮ ಹಡಗಿನ ಮೇಲೂ ಮೀನುದೋಣಿಯ ಮೇಲೂ ಗುಂಡು ಹಾರಿದ ಸುದ್ದಿ ಬಂತು. ಆ ದಿನ ಕುಸುಮಾವತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಪತ್ರಿಕೆಯಲ್ಲಿ ಆ ಊರಿನ ಹೆಸರು ಎಲ್ಲಿದೆ ತೋರಿಸಿ ಎಂದಳು. ಓದು ಬಾರದ ಹೆಂಗಸು. ನಾನು ತೋರಿಸಿದ ಕಡೆ ಬೆರಳಿಟ್ಟು ನಿಂತಳು. ಡಿಸೆಂಬರಿನಲ್ಲಿ ಸೈನ್ಯ ನುಗ್ಗಿತು. ಎರಡು ದಿನ ಕಳೆಯುವುದರೊಳಗೆ ಗೋವಾ ನಮ್ಮದಾಯಿತು, ಅಂಜದೀವವೂ ನಮ್ಮದಾಯಿತು. ಆ ದ್ವೀಪದಲ್ಲಿ ಇಳಿಯುವಾಗ ಏಳು ಮಂದಿ ನಾವಿಕರು ಸತ್ತ ಸುದ್ದಿಯನ್ನು ಹೋಟೆಲಿನಲ್ಲಿ ಯಾರೂ ಜೋರಾಗಿ ಓದಲಿಲ್ಲ.

ಭುಜಂಗ ಬಂದವರಿಗೆಲ್ಲ ಪುಕ್ಕಟೆ ಶಿರಾ ಕೊಟ್ಟ. ಅಷ್ಟಕ್ಕೇ ನಿಲ್ಲದೆ ಹೋಟೆಲಿನ ಬೋರ್ಡು ಬದಲಿಸಿ 'ವಿಜಯ ಗೋಮಾಂತಕ' ಎಂದು ಬರೆಸಿದ. ನಾಸಿಕದಲ್ಲಿ ಗೋಮಾಂತಕ ಎಂದರೆ ಗೋವಾದ ಮೀನೂಟದ ಖಾನಾವಳಿ; ಮಾರನೆಯ ದಿನದಿಂದ ಗಿರಾಕಿಗಳು ಬಂದು ಈ ಸಸ್ಯಾಹಾರಿ ಹೋಟೆಲಿನಲ್ಲಿ ಸುರಮೈ ಮೀನಿನ ಸಾರು ಕೇಳತೊಡಗಿದರು. ಗೋಮಾಂತಕ ಎಂದ ಮೇಲೆ ಮೀನಿಲ್ಲವೇ ಎಂದು ಒಬ್ಬ ಜಗಳಕ್ಕೇ ನಿಂತ. ಭುಜಂಗ ಹಲ್ಲು ಕಡಿಯುತ್ತ ಹಳೆಯ ಬೋರ್ಡನ್ನೇ ಮತ್ತೆ ತೂಗುಹಾಕಿಸಿದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗದೆ ಇದ್ದವಳು ಒಬ್ಬಳೇ. ಅವಳು ಬಾಗಿಲು ನೋಡುತ್ತಿದ್ದಳು.

ಆ ಬಾಗಿಲಿನಲ್ಲಿ ಜಯರಾಮ ಬರಲಿಲ್ಲ. ಬಂದದ್ದು ಅಂಕೋಲೆಯ ಕಡೆಯ ಒಬ್ಬ ಯಾತ್ರಿಕ. ಅವನೇ ಸುದ್ದಿ ಹೇಳಿದ. ಜಯರಾಮ ಆರಾಮಾಗಿದ್ದಾನೆ, ದ್ವೀಪ ಬಿಟ್ಟು ಬಿಣಗೆಯ ದಂಡೆಯಲ್ಲಿ ಸಣ್ಣ ಅಂಗಡಿ ಹಾಕಿದ್ದಾನೆ, ಬೇರೆ ಮದುವೆ ಗಿದುವೆ ಏನೂ ಇಲ್ಲ.

ಅದಾದ ಮೇಲೆ ಬಂದ ಸಂಕ್ರಾಂತಿಯ ಕತೆ ಈರಮ್ಮ ಹೇಳಿದ್ದು. ಅನಸೂಯಾಬಾಯಿಯ ಪಡಸಾಲೆಯಲ್ಲಿ ಎಳ್ಳುಬೆಲ್ಲ ಹಂಚಿ ಒಡಪು ಹೇಳಿಸುತ್ತಿದ್ದರು. ಕುಸುಮಾವತಿಯ ಸರದಿ ಬಂತು. ಈ ಸಲ ಹೊಸದು ಹೇಳು, ಈಗ ನಿನ್ನ ಗಂಡ ಸ್ವತಂತ್ರ ಎಂದು ಹೆಂಗಸರು ಚೇಷ್ಟೆ ಮಾಡಿದರು. ಇವಳು ನಡುವೆ ಕಡಲು ಎಂದು ಶುರುಮಾಡಿ ಅಲ್ಲಿಗೇ ನಿಂತುಬಿಟ್ಟಳು. ಕಾವಲು ಎಲ್ಲಿದೆ ಈಗ? ಆ ಒಂದು ಮಾತು ಬಿಟ್ಟರೆ ಅವಳ ಒಡಪು ನಿಲ್ಲುವುದಿಲ್ಲ. ಯಾವ ಹೆಂಗಸೂ ಆಡದ ರೀತಿಯಲ್ಲಿ "ಜಯರಾಮ" ಎಂದು ಬರಿಯ ಹೆಸರು ಹೇಳಿ ಎದ್ದುಬಂದಳು. ಮುಂದಿನ ವರ್ಷದಿಂದ ಅರಿಶಿನ ಕುಂಕುಮಕ್ಕೆ ಹೋಗುವುದನ್ನೇ ಬಿಟ್ಟಳು.

ಇದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಗಲ್ಲಾದ ಮುಂದೆ ಹೋಗಿ ನಿಂತೆ.

"ಏನ್ರೀ ಭುಜಂಗರಾವ್, ಪೋರ್ಚುಗೀಸರು ಹೋದ್ರು. ನೀವು ಯಾವಾಗ ಹೋಗೋರು?"

"ಎಲ್ಲಿಗೆ?"

"ಬಿಣಗೆಗೆ. ನಿಮ್ಮ ಭಾವನ್ನ ಕರ್ಕೊಂಡ್ ಬರ್ಲಿಕ್ಕೆ."

ಅವನ ಮುಖ ಕೆಂಪಾಯಿತು. "ಮನ್ಮಥಪ್ಪನೋರೇ, ತಪ್ಪು ಅವನದ್ದು. ದೇಶ ಬಿಟ್ಟು ಫಿರಂಗಿಯವರ ಹತ್ರ ಕೂತವ ಅವ. ದಾರಿ ತೆರ್ದದೆ, ಬರೂಕೆ ಮನಸಿದ್ರೆ ಬತ್ತ."

"ನಾ ನಿಜಾಮನ ರಾಜ್ಯದಾಗ ಹುಟ್ಟಿದವ್ರೀ. ಒಂದು ವಾರದಾಗ ಆ ರಾಜ್ಯ ಹೋಯ್ತು. ಅಷ್ಟು ದೊಡ್ಡದು ಹೋಗ್ಲಿಕ್ಕೆ ವಾರ ಸಾಕಾಯ್ತು. ನಿಮ್ಮ ಹಟ ಹೋಗ್ಲಿಕ್ಕೆ ಎಷ್ಟು ವರ್ಷ ಬೇಕು?"

ಅವನು ಗಲ್ಲಾದ ಚಿಲ್ಲರೆ ಎಣಿಸತೊಡಗಿದ. ಒಳಗೆ ರುಬ್ಬುವ ಸದ್ದು ನಿಂತದ್ದು ನನಗೆ ಕೇಳಿಸಿತು, ಅವನಿಗೂ ಕೇಳಿಸಿರಬೇಕು. ಅಣ್ಣನ ಮನೆಯ ಅನ್ನ ತಿನ್ನುವವಳು, ಹೊರಗೆ ಬರಲಿಲ್ಲ. ತುಸು ಹೊತ್ತಿಗೆ ಕಲ್ಲು ಮತ್ತೆ ತಿರುಗಿತು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಒಂದು ತಿಂಗಳು ಆ ಹೋಟೆಲಿನ ಕಡೆ ಮುಖ ಹಾಕಲಿಲ್ಲ. ಆಮೇಲೆ ಚಟ್ನಿ ನೆನಪಾಗಿ ಹೋದೆ.

ವರ್ಷಗಳು ಹಾಗೇ ಕಳೆದವು. ಹರಿಣಾಕ್ಷಿ ಮರಾಠಿ ಶಾಲೆಯಲ್ಲಿ ಕಲಿತು ಬೆಳೆದಳು. ಕನ್ನಡ ತಿಳಿಯುತ್ತಿತ್ತು, ಬಾಯಿ ಬಿಟ್ಟರೆ ಮರಾಠಿ. 1973ರಲ್ಲಿ ಅವಳಿಗೆ ಗಂಡು ಗೊತ್ತಾಯಿತು. ಹುಡುಗ ದೇವದಾಸ, ಇವರ ಊರಕಡೆಯವನೇ, ಔರಂಗಾಬಾದಿನ ಚಿಕಲಠಾಣೆಯಲ್ಲಿ ಹೊಸದಾಗಿ ಏಳುತ್ತಿದ್ದ ಕಾರ್ಖಾನೆಗಳ ನಡುವೆ ಕ್ಯಾಂಟೀನು ನಡೆಸುತ್ತಿದ್ದ. ಆಗ ಕುಸುಮಾವತಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ಅಣ್ಣ, ಧಾರೆ ಎರೆಯೂಕೆ ಅಪ್ಪ ಬೇಕು. ಈ ಸಲ ನೀನು ಹೋಗಿ ಕರ್ಕೊಂಡು ಬಾ."

"ಆಯ್ತು, ಹೋಗ್ತೆ" ಎಂದ ಭುಜಂಗ. ಅವನ ಮನಸ್ಸಿನಲ್ಲಿ ಹೋಗಬೇಕೆಂದೇ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇವತ್ತು ಚಪ್ಪರದವನು ಬರಲಿಲ್ಲ, ನಾಳೆ ಅಡಿಗೆಯವನಿಗೆ ಜ್ವರ, ನಾಡಿದ್ದು ಬೀಗರು ಬರುವವರು. ಕೊನೆಗೆ ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚಿ ಅಂಚೆಗೆ ಹಾಕಿದ. ಮದುವೆಯ ದಿನ ಧಾರೆ ಎರೆದವನೂ ಅವನೇ. ಕುಸುಮಾವತಿ ಕಂಬಕ್ಕೆ ಒರಗಿ ನಿಂತು ನೋಡಿದಳು. ಮದುವೆ ಮುಗಿದು ಕೆಲವು ದಿನಕ್ಕೆ ಮಗಳ ಜೊತೆ ಔರಂಗಾಬಾದಿಗೆ ಹೋದವಳು ಅಲ್ಲೇ ಉಳಿದುಬಿಟ್ಟಳು. ಹೋಟೆಲಿನ ಚಟ್ನಿ ಕೆಟ್ಟಿತು.

ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ನಾನು ತಿಂಡಿಗೆ ಹೋದಾಗ ಹೋಟೆಲಿನ ಎದುರಿನ ಬೇವಿನ ಮರದ ಕೆಳಗೆ ಮೂವತ್ತರ ಆಸುಪಾಸಿನ ಒಬ್ಬ ನಿಂತಿದ್ದ. ಕೊಂಬೆಗೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಒಂದು ಪುಟ್ಟ ಮಡಕೆ ತೂಗುತ್ತಿತ್ತು. ರಾಮಕುಂಡದ ಊರಿನಲ್ಲಿ ಇದು ದಿನವೂ ಕಾಣುವಂಥದು. ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲ, ಹೊರಗೆ ಮರಕ್ಕೆ ಕಟ್ಟುತ್ತಾರೆ. ಆತ ಹರಿದಾಸ, ಜಯರಾಮನ ಅಕ್ಕನ ಮಗ. ಮಡಕೆಯಲ್ಲಿದ್ದದ್ದು ಜಯರಾಮ.

"ಜ್ವರ ಬಂದು ಹೋದ್ರು. ಗೋಕರ್ಣ ಹತ್ರ ಅದೆ, ಆದ್ರೂ ಬೇಡ ಅಂದ್ರು ಮಾವ. ನಾಸಿಕಕ್ಕೇ ಒಯ್ಯಿ ಅಂದ್ರು" ಎಂದ ಹರಿದಾಸ.

ಹರಿದಾಸನಿಗೆ ಸಿಟ್ಟಿರಲಿಲ್ಲ, ಇದ್ದಿದ್ದರೆ ಕೇಳುವುದು ಸುಲಭವಾಗುತ್ತಿತ್ತು. ಗೋವಾ ಬಿಡುಗಡೆಯಾದ ಹೊಸತರಲ್ಲೇ ಮಾವ ಅಂಗಡಿಯ ಎದುರು ಹೊಸ ಬೆಂಚು ಹಾಕಿಸಿದ್ದನಂತೆ, ಕರೆಯಲು ಬರುವ ಭಾವನಿಗೆ ಕೂರಲು ಬೇಕಲ್ಲ ಎಂದು. ಮೋಟಾರು ನಿಂತಾಗಲೆಲ್ಲ ಎದ್ದು ನೋಡುತ್ತಿದ್ದನಂತೆ. ಮಗಳ ಲಗ್ನಪತ್ರಿಕೆ ತಲುಪಿದ ದಿನ ಹೊಸ ಧೋತ್ರ ತಂದನಂತೆ.

"ಮತ್ತೆ ಯಾಕ್ರೀ ಬರ್ಲಿಲ್ಲ?" ಎಂದು ಕೇಳಿದವನು ನಾನು.

"ಅಂಚೆಯವ ಕರ್ದ ಅಂತ ಹೋಗ್ಲನಾ ಮಾರಾಯ, ಅಂದ್ರು. ರಾತ್ರಿ ಅತ್ರು. ಹೋಗ್ಲಿಲ್ಲ."

ತಂಗಿಯನ್ನು ಕರೆತರಲು ಭುಜಂಗ ಆ ದಿನವೇ ಔರಂಗಾಬಾದಿನ ಬಸ್ಸು ಹತ್ತಿದ. ನನ್ನನ್ನೂ ಎಳೆದುಕೊಂಡು ಹೋದ. ವೈಜಾಪುರದಲ್ಲಿ ಬಸ್ಸು ನಿಂತಾಗ ಚಹಾ ತರಲೇ ಎಂದೆ. ಬೇಡವೆಂದು ತಲೆಯಾಡಿಸಿದ. ಬಿಣಗೆಗೆ ಹೋಗಲು ಇವನಿಗೆ ಸಿಗದ ಪುರುಸೊತ್ತು ಇವತ್ತು ಅರ್ಧ ಗಂಟೆಯಲ್ಲಿ ಸಿಕ್ಕಿತಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ.

ಚಿಕಲಠಾಣೆಯ ಮನೆಯಲ್ಲಿ ಸುದ್ದಿ ಕೇಳಿ ಕುಸುಮಾವತಿ ಅಳಲಿಲ್ಲ. ಹಣೆಯ ಕುಂಕುಮವನ್ನೂ ಮುಟ್ಟಲಿಲ್ಲ. ಸೀರೆ ಬದಲಿಸಿ ಬಂದಳು. ಹರಿಣಾಕ್ಷಿ "ಆಯಿ, ಮೀ ಪಣ ಯೇತೇ", ನಾನೂ ಬರುತ್ತೇನೆ, ಎಂದು ಅಳುತ್ತ ಹೊರಟಳು. ನೋಡಿದ ನೆನಪೇ ಇಲ್ಲದ ಅಪ್ಪನಿಗಾಗಿ ಹೇಗೆ ಅಳಬೇಕೆಂದು ಅವಳಿಗೂ ತಿಳಿದಂತಿರಲಿಲ್ಲ.

ಮಾರನೆಯ ದಿನ ನಾಸಿಕ ಮುಟ್ಟಿದಾಗ ಹೋಟೆಲಿನಲ್ಲಿ ತಿಂಡಿಯ ಹೊತ್ತು, ಮೇಜುಗಳು ತುಂಬಿದ್ದವು. ರಾಮಕುಂಡದಲ್ಲಿ ಭಟ್ಟರು ಕಾಯುತ್ತಿದ್ದಾರೆ, ಹೊರಡೋಣ ಎಂದು ಭುಜಂಗ ಅವಸರ ಮಾಡಿದ. ಕುಸುಮಾವತಿ ಮರದಿಂದ ಮಡಕೆ ಬಿಚ್ಚಿಸಿ ಹರಿದಾಸನ ಕೈಗೆ ಕೊಟ್ಟಳು. ಅವನನ್ನು ಹೋಟೆಲಿನ ಮೆಟ್ಟಿಲ ಕೆಳಗೆ ನಿಲ್ಲಿಸಿದಳು. ಒಳಗೆ ಹೋಗಿ ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಬೆಲ್ಲ ತಂದು ಅಣ್ಣನ ಕೈಯಲ್ಲಿಟ್ಟಳು.

"ಕರಿ ಅಣ್ಣ."

"ಕುಸುಮಾ, ಎಂತ ಇದು? ಅಸ್ಥಿ ಒಳಗೆ ತರೂಕಿಲ್ಲ. ಜನ ಉಣ್ತಾ ಇದ್ರು."

"ಇಷ್ಟು ದೂರ ಬಂದಿದ್ರು. ಕರೀದೆ ಅವ್ರು ಒಳಗೆ ಬರೂದಿಲ್ಲ, ನಿಂಗೆ ಗೊತ್ತಿದ್ದು. ಕರಿ."

ಗಿರಾಕಿಗಳು ಕೈ ಬಾಯಿ ನಿಲ್ಲಿಸಿ ನೋಡುತ್ತಿದ್ದರು. ಒಬ್ಬಿಬ್ಬರು ಎದ್ದು ಹೋದರು. ಭುಜಂಗ ತಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದ. ಮಡಕೆಯ ಮುಂದೆ ನಿಂತು ಹರಿದಾಸನ ಕಾಲಿಗೆ ನೀರು ಹಾಕಿದ. ಅರ್ಧ ನೀರನ್ನು ತನ್ನ ಪಂಚೆಯ ಮೇಲೇ ಚೆಲ್ಲಿಕೊಂಡ.

"ಬನ್ನಿ ಭಾವ" ಎಂದ. ಇನ್ನೊಮ್ಮೆ, ಬೀದಿಗೆ ಕೇಳುವಂತೆ ಹೇಳಿದ. "ಒಳಗೆ ಬನ್ನಿ ಭಾವ. ತಪ್ಪಾಯ್ತು."

ಹರಿದಾಸ ಮಡಕೆ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಕುಸುಮಾವತಿ ಬಾಗಿಲಲ್ಲಿ ಸರಿದು ದಾರಿ ಬಿಟ್ಟಳು. ಆಮೇಲೆ ಅಣ್ಣನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರು ಕಂಡದ್ದು ಆಗಲೇ.

"ಇಷ್ಟೇ ಆಗಿತ್ತಲ್ಲ ಅಣ್ಣ" ಎಂದಳು. "ಇಷ್ಟೇ."