ಆರು ಸಲ ಒತ್ತುವ ವಿದ್ಯೆ

ಜಗಳೂರಿನವರೊಬ್ಬರು ಭಾನುವಾರ ಬೆಳಿಗ್ಗೆ ಕಾರು ನೋಡಲು ಬರುತ್ತಾರೆ ಎಂದು ನನ್ನ ಯಜಮಾನರು ಹೇಳಿದ್ದು ಸೋಮವಾರ ಮಧ್ಯಾಹ್ನ, ಊಟದ ನಡುವೆ, ಉಪ್ಪಿನಕಾಯಿ ಕೇಳುವ ದನಿಯಲ್ಲಿ. ಅವರ ಕಣ್ಣಿನ ನರಕ್ಕೆ ತೊಂದರೆಯಾಗಿ, ಇನ್ನು ಗಾಡಿ ಓಡಿಸಬೇಡಿ ಎಂದು ಡಾಕ್ಟರು ಹೇಳಿ ಮೂರು ತಿಂಗಳಾಗಿತ್ತು. ಕಾರು ನ್ಯಾಮತಿಯ ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತೇ ಇತ್ತು. ಎರಡು ದಿನಕ್ಕೊಮ್ಮೆ ಅವರು ಹೋಗಿ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಕೂತು, ಆಫ್ ಮಾಡಿ ಬರುತ್ತಿದ್ದರು.

"ಓಡಿಸೋರಿಲ್ಲದ ಗಾಡಿ ಇಟ್ಕೊಂಡು ಏನು ಮಾಡಾಕೈತೆ?" ಎಂದರು.

ಓಡಿಸುವವರಿಲ್ಲ ಎಂಬುದರಲ್ಲಿ ನಾನೂ ಸೇರಿದ್ದೆ. ನನ್ನ ಹತ್ತಿರ ಲೈಸೆನ್ಸ್ ಇದೆ. ಅವಧಿ ಮುಗಿದಾಗಲೆಲ್ಲ ಮರೆಯದೆ ನವೀಕರಿಸಿದ್ದೇನೆ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕಾರಿನ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಬಸ್ಸಿಗೆ ಕಾಯುವುದರ ಮೇಲೆ ಮಾತ್ರ ಒಂದು ಹಳೆಯ ಸಿಟ್ಟಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತಳಾಗಿ ಹತ್ತು ವರ್ಷವಾದವಳು ನಾನು. ಹೊನ್ನಾಳಿ, ಚನ್ನಗಿರಿ, ಬಿಳಿಚೋಡು, ಮತ್ತೆ ನ್ಯಾಮತಿ, ವರ್ಗವಾದ ಕಡೆಯೆಲ್ಲ ಬಸ್ ಸ್ಟ್ಯಾಂಡಿನ ಕಲ್ಲುಬೆಂಚು ಸವೆಸಿದ್ದೇನೆ. ಅದರಲ್ಲಿ ಕೊನೆಯ ಹತ್ತು ಹನ್ನೆರಡು ವರ್ಷ ನನ್ನ ಮನೆಯಲ್ಲಿ ಒಂದು ಕಾರು ಇತ್ತು. ಯಜಮಾನರು ತಾಲ್ಲೂಕು ಕಚೇರಿಗೆ ನಡೆದೇ ಹೋಗುತ್ತಿದ್ದರು, ಕಾರು ಮನೆಯಲ್ಲೇ ಇರುತ್ತಿತ್ತು.

"ನಾನು ಓಡಿಸ್ತೀನಿ" ಎಂದೆ.

ಅವರು ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳು ಚಂದ್ರ ಬೇಕು ಅಂದಾಗ ನಗುವ ನಗು. "ಮೊದಲು ಸ್ಟಾರ್ಟ್ ಮಾಡು. ರಾತ್ರಿಯೆಲ್ಲಾ ತಣ್ಣಗೆ ನಿಂತ ಗಾಡೀನ ಬೆಳಗ್ಗೆ ನೀನೊಬ್ಳೇ ಸ್ಟಾರ್ಟ್ ಮಾಡಿ, ಕಾಲು ತೆಗೆದ ಮೇಲೂ ಆರದಂಗೆ ನೋಡ್ಕೋ. ಭಾನುವಾರ ಅವರ ಎದುರಿಗೇ ಮಾಡು. ಆತು ಅಂದ್ರೆ ಗಾಡಿ ಕೊಡಲ್ಲ, ನೀನೇ ಓಡಿಸು. ಆಗಲಿಲ್ಲ ಅಂದ್ರೆ ಅವರು ತಗೊಂಡು ಹೋಗ್ಲಿ."

ನಾನು ಒಪ್ಪಿದೆ. ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡೆ.

ಆ ಕಾರನ್ನು ಅವರು ಚನ್ನಗಿರಿಯಲ್ಲಿದ್ದಾಗ ಒಬ್ಬ ಅಡಿಕೆ ವ್ಯಾಪಾರಿಯಿಂದ ಕೊಂಡದ್ದು, ಇಪ್ಪತ್ತೆರಡು ವರ್ಷದ ಹಿಂದೆ. ಆಗಲೇ ಅದು ಹಳೆಯದು. ವ್ಯಾಪಾರಿಯ ಬಂಧುಗಳು ಯಾರೋ ಹೊರದೇಶದಿಂದ ಹಡಗಿನಲ್ಲಿ ತರಿಸಿದ್ದಂತೆ. ಆ ಕಾಲದ ನಮ್ಮ ಕಡೆಯ ಕಾರುಗಳಿಗೆಲ್ಲ ಸ್ಟೇರಿಂಗ್ ಪಕ್ಕದಲ್ಲಿ ಚೋಕಿನ ಗುಂಡಿ ಇರುತ್ತಿತ್ತು. ಚಳಿಯ ಬೆಳಿಗ್ಗೆ ಅದನ್ನು ಕೈಯಿಂದ ಎಳೆದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರಿನ ಬಾಯಿ ಮುಚ್ಚಿ, ಗಾಳಿ ಕಡಿಮೆಯಾಗಿ, ಪೆಟ್ರೋಲು ಜಾಸ್ತಿಯಾಗಿ ಎಂಜಿನ್ ಹತ್ತಿಕೊಳ್ಳುತ್ತಿತ್ತು. ಬಿಸಿಯಾದ ಮೇಲೆ ಗುಂಡಿಯನ್ನು ಒಳಗೆ ತಳ್ಳಬೇಕು. ನಮ್ಮ ಕಾರಿನಲ್ಲಿ ಆ ಗುಂಡಿಯೇ ಇರಲಿಲ್ಲ. ಅದಕ್ಕೇ ಯಜಮಾನರ ಕಾಲು ಬೇಕಾಗಿತ್ತು.

ಆಕ್ಸಿಲರೇಟರನ್ನು ಆರು ಸಲ ಒತ್ತುವುದು. ನಾಲ್ಕು ಮೇಲಿಂದ ಮೇಲೆ, ಎರಡು ನಿಧಾನಕ್ಕೆ. ಆಮೇಲೆ ಕೀ. ಕೆಮ್ಮಿದ ತಕ್ಷಣ ಪಾದವನ್ನು ಅರ್ಧಕ್ಕೆ ಹಿಡಿದು ಐದು ನಿಮಿಷ ಅಲುಗಾಡದೆ ಕೂರುವುದು. ಒಂದು ಕೂದಲೆಳೆ ಸಡಿಲ ಬಿಟ್ಟರೂ ಎಂಜಿನ್ ಆರುತ್ತಿತ್ತು. ಚನ್ನಗಿರಿಯ ಬೀದಿಯಲ್ಲಿ ಇದೊಂದು ಪ್ರಸಿದ್ಧ ವಿದ್ಯೆ. "ಆ ಗಾಡಿ ಅವರ ಕಾಲಿಗೆ ಬಿಟ್ರೆ ಇನ್ನೊಬ್ಬರಿಗೆ ಮಣಿಯಲ್ಲ" ಎಂದು ಎದುರು ಮನೆಯವರು ಹೇಳುತ್ತಿದ್ದರು. ಕೇಳಿದಾಗಲೆಲ್ಲ ಇವರು ಮೀಸೆಯಡಿಯಲ್ಲಿ ನಗುತ್ತಿದ್ದರು. ಬ್ರೇಕು, ಎಣ್ಣೆ, ಬ್ಯಾಟರಿಗೆ ಮೆಕ್ಯಾನಿಕ್ ಇದ್ದ. ಕಾರ್ಬೋರೇಟರ್ ಮೇಲೆ ಕೂತ ಏರ್ ಫಿಲ್ಟರಿನ ಡಬ್ಬಿಯನ್ನು ಮಾತ್ರ ಇವರೇ ತೆಗೆದು, ಒರೆಸಿ, ಇವರೇ ಹಾಕುತ್ತಿದ್ದರು.

ನಾನು ಲೈಸೆನ್ಸ್ ಪಡೆದದ್ದು ಅದೇ ವರ್ಷ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಚೆನ್ನಾಗಿಯೇ ಓಡಿಸಿದ್ದೆ. ಲೈಸೆನ್ಸ್ ಬಂದ ಮರುದಿನ ಬೆಳಿಗ್ಗೆ ಶಾಲೆಗೆ ಕಾರಿನಲ್ಲೇ ಹೋಗುತ್ತೇನೆಂದು ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂತೆ. ಆರು ಸಲ ಒತ್ತಿದೆ. ಹತ್ತು ಸಲ ಒತ್ತಿದೆ. ಕೆಮ್ಮಿತು, ಆರಿತು. ಮತ್ತೆ ಕೆಮ್ಮಿತು, ಮತ್ತೆ ಆರಿತು. ಬೀದಿಯ ಬಾಗಿಲುಗಳೆಲ್ಲ ತೆರೆದವು. "ಗಾಡಿಯಲ್ಲೇ ಏನೋ ತೊಂದರೆ ಐತೆ ರೀ" ಎಂದೆ. ಇವರು ಹೊರಗೆ ಬಂದು, ನನ್ನನ್ನು ಇಳಿಸಿ, ಕೂತು, ಒತ್ತಿ, ಸ್ಟಾರ್ಟ್ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ." ಬೀದಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಬಸ್ಸಿಗೆ ಹೋದೆ, ಇಪ್ಪತ್ತೆರಡು ವರ್ಷ.

ಮಂಗಳವಾರ ಬೆಳಿಗ್ಗೆ ಹೊನ್ನಾಳಿಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದೆ. ಒಂದು ಕಾಲಕ್ಕೆ ಅಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು, ಈಗ ತಲೆ ಅರ್ಧ ನರೆತಿದೆ. ಹಿಂದಿನ ದಿನ ಫೋನಿನಲ್ಲೇ "ಗಾಡಿ ಸ್ಟಾರ್ಟ್ ಮಾಡಬೇಡ್ರಿ, ತಣ್ಣಗಿದ್ದಾಗಲೇ ನೋಡಬೇಕು" ಎಂದಿದ್ದ. ಬೈಕಿನಲ್ಲಿ ಬಂದ. ಮೆಕ್ಯಾನಿಕ್ ಬಂದರೆ ಅವನ ಹೆಗಲ ಮೇಲೆ ಗದ್ದ ಊರಿ ನಿಲ್ಲುವ ಯಜಮಾನರು ಆವತ್ತು ಜಗಲಿಯಿಂದ ಏಳಲಿಲ್ಲ. "ಸ್ಟಾರ್ಟ್ ಮಾಡಾಕೆ ಮೆಕ್ಯಾನಿಕ್ ಯಾಕೆ? ಇದು ಮೋಸ" ಎಂದು ಅಲ್ಲಿಂದಲೇ ಕೂಗಿದರು. ಏರ್ ಫಿಲ್ಟರಿನ ಡಬ್ಬಿ ಬಿಚ್ಚುವ ಸದ್ದು ಕೇಳಿದ ಮೇಲೆ ಎದ್ದು ಒಳಗೆ ಹೋದರು.

"ಟೀಚರ್ರೆ, ಇಲ್ಲಿ ಬರ್ರಿ" ಎಂದ ಮೆಕ್ಯಾನಿಕ್.

ಕಾರ್ಬೋರೇಟರಿನ ಬಾಯಿಗೆ ಒಂದು ಸಣ್ಣ ತಗಡು ಬಾಗಿಲಿನಂತೆ ಇತ್ತು. ಅದನ್ನು ತೆರೆದೇ ಇರುವಂತೆ ತಾಮ್ರದ ತಂತಿಯಿಂದ ಬಿಗಿಯಾಗಿ ಕಟ್ಟಿದ್ದರು.

"ಇದು ಚೋಕಿನ ತಗಡು. ಈ ಗಾಡಿಗೆ ಕೈಲಿ ಎಳೆಯೋ ಚೋಕ್ ಇಲ್ಲ ರೀ, ಆಟೋಮ್ಯಾಟಿಕ್. ತಣ್ಣಗಿದ್ದಾಗ ತಾನೇ ಮುಚ್ಚಿಕೊಂತೈತೆ, ಬಿಸಿ ಆದಂಗೆ ತಾನೇ ತೆಕ್ಕೊಂತೈತೆ. ನಮ್ಮ ಅಬ್ಬಾ ಕಾಲದಾಗೆ ಗ್ಯಾರೇಜಿಗೆ ಇಂಥದ್ದು ಒಂದೇ ಒಂದು ಬಂದಿತ್ತು. ಇದನ್ನ ಯಾರೋ ಪೂರಾ ಕಟ್ಟಿ ಹಾಕ್ಯಾರೆ. ಮೆಕ್ಯಾನಿಕ್ ಕಟ್ಟಿದ್ದಲ್ಲ ಇದು. ನಾವಾಗಿದ್ರೆ ತಗಡನ್ನೇ ತೆಗೆದು ಬಿಸಾಕ್ತಿದ್ವಿ."

ಪಕ್ಕದಲ್ಲಿ ಬೆಲ್ಲದ ಅಚ್ಚಿನಷ್ಟು ಅಗಲದ ಕಪ್ಪು ಮುಚ್ಚಳವಿತ್ತು, ಮೂರು ಸ್ಕ್ರೂ, ಅಂಚಿನಲ್ಲಿ ಸಣ್ಣ ಸಣ್ಣ ಗೆರೆಗಳು. ಅವನು ಅದನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟ. ಒಳಗೆ ಲೋಹದ ಚಪ್ಪಟೆ ಸುರುಳಿ. ಒಂದು ಮಗ್ಗುಲು ಹಳದಿ, ಇನ್ನೊಂದು ಬೂದು.

ನನಗೆ ಅದರ ಹೆಸರು ಗೊತ್ತಿತ್ತು. ದ್ವಿಲೋಹ ಪಟ್ಟಿ. ಎರಡು ಲೋಹಗಳನ್ನು ಬೆಸೆದ ಪಟ್ಟಿ ಕಾಯಿಸಿದಾಗ ಒಂದು ಹೆಚ್ಚು ಹಿಗ್ಗಿ, ಇನ್ನೊಂದು ಕಡಿಮೆ ಹಿಗ್ಗಿ, ಬಾಗುತ್ತದೆ. ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದಿದ್ದೇನೆ. ಎರಡು ಅಂಕದ ಪ್ರಶ್ನೆ. ಉಪಯೋಗಗಳನ್ನು ಬರೆಯಿರಿ: ಇಸ್ತ್ರಿಪೆಟ್ಟಿಗೆ, ಬೆಂಕಿಯ ಎಚ್ಚರಿಕೆ ಗಂಟೆ. ಮೂವತ್ತು ವರ್ಷದಲ್ಲಿ ಒಂದು ಸಲವೂ ಅದನ್ನು ಕೈಯಲ್ಲಿ ಹಿಡಿದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಮೆಕ್ಯಾನಿಕ್‌ಗೆ ವಿವರಿಸಿದೆ. ಅವನು ಕೇಳಿ, "ಆವತ್ತೇ ಇದನ್ನ ಹಿಂಗೆ ಕೈಯಾಗೆ ಕೊಟ್ಟಿದ್ರೆ ನಾನೂ ಪಾಸಾಗ್ತಿದ್ದೆ ಟೀಚರ್ರೆ" ಎಂದ. ತಮಾಷೆಗೇ ಹೇಳಿದ. ನನಗೆ ನಾಚಿಕೆಯಾಯಿತು.

ತಂತಿ ಕತ್ತರಿಸಿದ. ತಗಡು ಪಟ್ಟನೆ ಅಲುಗಿತು. ಕೀ ತಿರುಗಿಸಿದಾಗ ಕರೆಂಟು ಬಂದು ಸುರುಳಿ ಬಿಸಿಯಾಗುವ ವೈರೂ, ಸುರುಳಿಯೂ ಇನ್ನೂ ಗಟ್ಟಿಯಾಗಿಯೇ ಇದ್ದವು. ಅಂದರೆ ಇಷ್ಟು ವರ್ಷವೂ ಪ್ರತಿ ಬೆಳಿಗ್ಗೆ ಆ ಸುರುಳಿ ತಗಡನ್ನು ಮುಚ್ಚಲು ಎಳೆಯುತ್ತಿತ್ತು, ತಂತಿ ಬಿಡುತ್ತಿರಲಿಲ್ಲ. ಯಜಮಾನರ ವಿದ್ಯೆಯೆಲ್ಲ ಆ ತಂತಿಯ ತಪ್ಪನ್ನು ಕಾಲಿನಲ್ಲಿ ತುಂಬಿಕೊಡುವುದೇ ಆಗಿತ್ತು. ನೆಲ ನಿಜಕ್ಕೂ ಡೊಂಕಾಗಿತ್ತು.

ಮುಚ್ಚಳ ಹಾಕಿ, ಎಂಜಿನ್ ಬಿಸಿ ಮಾಡಿ, ಮೊದಲು ಐಡ್ಲಿಂಗ್ ಸರಿಮಾಡುವುದನ್ನು ತೋರಿಸಿಕೊಟ್ಟ. ಐಡ್ಲಿಂಗ್ ಅಂದರೆ ಯಾರೂ ಕಾಲಿಡದಿದ್ದರೂ ಗಾಡಿ ತನ್ನಷ್ಟಕ್ಕೆ ನಿಂತಲ್ಲೇ ಉಸಿರಾಡುವುದು. ಎರಡು ಸ್ಕ್ರೂ. ಒಂದು ವೇಗಕ್ಕೆ, ಒಂದು ಪೆಟ್ರೋಲು ಗಾಳಿಯ ಮಿಶ್ರಣಕ್ಕೆ. ಎರಡನೆಯದನ್ನು ಒಳಗೆ ತಿರುಗಿಸುತ್ತ ಹೋದರೆ ಎಂಜಿನ್ ತೊದಲುತ್ತದೆ. ಅಲ್ಲಿಂದ ಮೆಲ್ಲಗೆ ಹೊರಗೆ ತಿರುಗಿಸಿದರೆ ಒಂದು ಕಡೆ ಸದ್ದು ನುಣ್ಣಗಾಗುತ್ತದೆ. "ಅಲ್ಲೇ ಬಿಡ್ರಿ. ಕಿವಿ ಹೇಳ್ತೈತೆ." ಮೂರು ಸಲ ಕೆಡಿಸಿ ನನ್ನ ಕೈಯಿಂದಲೇ ಮೂರು ಸಲ ಸರಿಮಾಡಿಸಿದ. ಒಳ್ಳೆಯ ಮೇಷ್ಟ್ರು ಅವನು.

ಚೋಕನ್ನು ಮಾತ್ರ ನನಗೇ ಬಿಟ್ಟು ಹೋದ. "ಅದನ್ನ ತಣ್ಣನೆ ಗಾಡಿ ಮೇಲೇ ನೋಡಬೇಕು. ದಿನಕ್ಕೆ ಒಂದೇ ಸಲ ಚಾನ್ಸು. ಮೂರು ಸ್ಕ್ರೂ ಸಡಿಲ ಮಾಡಿ, ಮುಚ್ಚಳ ಒಂದು ಗೆರೆ ಆಕಡೆ ಈಕಡೆ ತಿರುಗಿಸ್ರಿ. ತಗಡು ಮುಚ್ಚಬೇಕು, ಬಿಗೀಬಾರ್ದು. ಆಕ್ಸಿಲರೇಟರ್ ಒಂದು ಸಲ ಪೂರ್ತಿ ಒತ್ತಿ ಬಿಡ್ರಿ, ಚೋಕ್ ಕೂರ್ತೈತೆ. ಆಮೇಲೆ ಕಾಲು ತೆಗೆದು ಕೀ ಹಾಕ್ರಿ. ಒಂದೇ ಸಲ, ನೆನಪಿರ್ಲಿ."

ಬುಧವಾರ ಮುಚ್ಚಳವನ್ನು ಎರಡು ಗೆರೆ ಹೆಚ್ಚು ತಿರುಗಿಸಿದ್ದೆ. ಸ್ಟಾರ್ಟ್ ಆಯಿತು, ಶೆಡ್ಡು ತುಂಬ ಕರೀ ಹೊಗೆ, ಪೆಟ್ರೋಲು ಕುಡಿದು ಕುಡಿದು ಆರಿತು. ಜಗಲಿಯಿಂದ ಕೆಮ್ಮು ಕೇಳಿಸಿತು. ಹೊಗೆಗೆ ಬಂದದ್ದಲ್ಲ. ಗುರುವಾರ ಮೂರು ಗೆರೆ ಹಿಂದಕ್ಕೆ ತಂದೆ, ಹೊಗೆಯಿಲ್ಲ, ಆದರೆ ನಡುಗಿ ಆರಿತು. ಎಲ್ಲಿದ್ದೆ ಎಂದು ಮರೆಯದಂತೆ ಮುಚ್ಚಳದ ಅಂಚಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಶುಕ್ರವಾರ ಒಂದು ಗೆರೆ ಮುಂದಕ್ಕೆ. ಹತ್ತಿತು, ಸ್ವಲ್ಪ ಹೊತ್ತು ನಡೆಯಿತು, ಬಿಸಿಯಾಗುತ್ತ ಬಂದಾಗ ತಗಡು ಪೂರ್ತಿ ತೆರೆಯುವ ಮೊದಲೇ ಆರಿತು. ಶನಿವಾರ ಇನ್ನೂ ಅರ್ಧ ಗೆರೆ ಮುಂದಕ್ಕೆ.

ಶನಿವಾರ ಒಂದೇ ಸಲ ಒತ್ತಿ, ಕಾಲು ತೆಗೆದು, ಕೀ ತಿರುಗಿಸಿದೆ. ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ಎಂಜಿನ್ ತಾನೇ ಇಳಿದು ಒಂದು ಹದಕ್ಕೆ ನಿಂತಿತು. ಹತ್ತು ನಿಮಿಷ ಪಕ್ಕದಲ್ಲಿ ನಿಂತು ಕೇಳಿ, ಆಫ್ ಮಾಡಿ, ಕಾಫಿ ಮಾಡಿ ಎರಡು ಲೋಟ ಜಗಲಿಗೆ ತಂದೆ. ತಂತಿಯ ತುಂಡನ್ನು ಅವರ ಲೋಟದ ಪಕ್ಕ ಇಟ್ಟೆ.

"ನೀವೇ ಕಟ್ಟಿದ್ದಾ?"

"ಹೂಂ" ಎಂದರು. "ಗಾಡಿ ತಂದ ಹೊಸದರಾಗೆ ಮಳೆಗಾಲಕ್ಕೆ ಚೋಕ್ ಸಿಕ್ಕಾಕ್ಕೊಂಡು ಬಸ್ ಸ್ಟ್ಯಾಂಡಿನಾಗೆ ಕರೀ ಹೊಗೆ ಬಂತು. ಎಲ್ಲಾರೂ ನಕ್ಕರು. ಅವತ್ತೊಂದು ದಿನಕ್ಕೆ ಅಂತ ಕಟ್ಟಿದ್ದೆ. ಆಮೇಲೆ ಕಾಲಿಗೆ ರೂಢಿ ಆತು."

"ನಾನು ಚನ್ನಗಿರಿಯಾಗೆ ಸ್ಟಾರ್ಟ್ ಮಾಡಾಕೆ ಕೂತ ದಿನ ನಿಮಗೆ ತಂತಿ ನೆನಪಿತ್ತಾ?"

ಅವರು ಸುಳ್ಳು ಹೇಳಬಹುದಿತ್ತು. ನಾನು ನಂಬುತ್ತಲೂ ಇದ್ದೆ.

"ಹೊರಗೆ ಬರೋವಾಗ ನೆನಪಿತ್ತು" ಎಂದರು. "ಅಷ್ಟೊತ್ತಿಗೆ ಬೀದಿಯೋರೆಲ್ಲ ನೋಡ್ತಿದ್ರು. ನಾನು ಕೂತೆ, ಗಾಡಿ ಹತ್ತಿತು. ಹೇಳಾಕೆ ಆಗಲಿಲ್ಲ."

"ಮಾರನೇ ದಿನ?"

"ಮಾರನೇ ದಿನಾನೂ ಆಗಲಿಲ್ಲ."

ನನಗೆ ಸಿಟ್ಟು ಬಂತು. ಬಿಳಿಚೋಡಿನಲ್ಲಿ ಕೊನೆಯ ಬಸ್ಸು ತಪ್ಪಿ ಶಾಲೆಯ ಜವಾನರ ಮನೆಯಲ್ಲಿ ಮಲಗಿದ್ದು, ಸಾಸ್ವೆಹಳ್ಳಿಯ ಅಕ್ಕನ ಮನೆಗೆ ಹೋಗಲಾಗದೆ ಬಿಟ್ಟ ಹಬ್ಬಗಳು, ಎಲ್ಲ ಒಟ್ಟಿಗೆ ನೆನಪಾದವು. ಆಡಲು ಮಾತೂ ಸಿದ್ಧವಿತ್ತು. ಅವರು ಲೋಟಕ್ಕಾಗಿ ಕೈ ಚಾಚಿದರು. ಕಣ್ಣು ಸರಿಯಾಗಿ ಕಾಣದೆ ಕೈ ಮೊದಲು ತಂತಿಗೆ ತಾಗಿತು. ನಾನು ಎದ್ದು ಒಳಗೆ ಹೋದೆ.

ಭಾನುವಾರ ಎಂಟು ಗಂಟೆಗೆ ಜಗಳೂರಿನವರು ಬಸ್ಸಿನಲ್ಲಿ ಬಂದಿಳಿದರು, ಶುಭ್ರವಾದ ಬಿಳಿ ಅಂಗಿ, ಸಭ್ಯ ಮನುಷ್ಯ. ಮೂವರೂ ಶೆಡ್ಡಿಗೆ ಹೋದೆವು. ನಾನು ಕೂತು ಒಂದು ಸಲ ಒತ್ತಿ, ಕೀ ತಿರುಗಿಸಿ, ಬಾಗಿಲು ತೆರೆದು ಕೆಳಗಿಳಿದು ನಿಂತೆ. ಒಳಗೆ ಯಾರೂ ಇಲ್ಲದ ಕಾರು ತನ್ನಷ್ಟಕ್ಕೆ ನಡೆಯುತ್ತಿತ್ತು. ಐದು ನಿಮಿಷವಾದರೂ ಆರಲಿಲ್ಲ. ಯಜಮಾನರು ಬಾನೆಟ್ ಮೇಲೆ ಅಂಗೈ ಇಟ್ಟುಕೊಂಡಿದ್ದರು.

"ಭಾಳ ಚೆನ್ನಾಗಿ ಇಟ್ಟೀರಿ. ರೇಟು ಹೇಳ್ರಿ" ಎಂದರು ಬಂದವರು.

"ಕೊಡಾಕಿಲ್ಲ ರೀ" ಎಂದರು ಯಜಮಾನರು. "ನೀವು ಇಷ್ಟು ದೂರ ಬಂದ್ರಿ, ತಪ್ಪು ತಿಳೀಬೇಡ್ರಿ. ಇವರು ಓಡಿಸ್ತಾರೆ."

ಬಂದವರಿಗೆ ತಿಂಡಿ ಕೊಟ್ಟೆವು. ಮುಖ ಸಣ್ಣದು ಮಾಡಿಕೊಂಡರೂ ಎರಡು ದೋಸೆ ತಿಂದರು. ಬಸ್ ಸ್ಟ್ಯಾಂಡಿಗೆ ನಾನೇ ಬಿಡುತ್ತೇನೆ ಎಂದೆ. ಅವರು ಹಿಂದಿನ ಸೀಟಿನಲ್ಲಿ ಕೂತರು. ಯಜಮಾನರು ಎಡಗಡೆಗೆ ಬಂದು, ಇಷ್ಟು ವರ್ಷ ನಾನು ಕೂರುತ್ತಿದ್ದ ಸೀಟಿನಲ್ಲಿ ಕೂತು ಬಾಗಿಲು ಎಳೆದರು. ಅದು ಹಾಕಿಕೊಳ್ಳಲಿಲ್ಲ.

ಆ ಬಾಗಿಲು ನೇರಕ್ಕೆ ಎಳೆದರೆ ಕೂರುವುದಿಲ್ಲ, ಒಂದಿಷ್ಟು ಮೇಲೆತ್ತಿ ಎಳೆಯಬೇಕು. ಆ ಕಡೆ ಯಾವತ್ತೂ ಕೂರದ ಅವರಿಗೆ ಅದು ಗೊತ್ತಿರಲಿಲ್ಲ. ಮತ್ತೆ ಎಳೆದರು. "ಜೋರಾಗಿ ಎಳೀರಿ" ಎಂದರು ಹಿಂದೆ ಕೂತವರು. ಜೋರಾಗಿ ಎಳೆದರು. ನಾನು ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ಎದುರಿನ ರಸ್ತೆ ನೋಡುತ್ತಿದ್ದೆ. ಹೇಳಬೇಕಾದದ್ದು ಎರಡು ಮಾತು. ನನಗೆ ನೆನಪಿತ್ತು. ಅವರು ನಾಲ್ಕನೆಯ ಸಲ ಎಳೆದು, ನನ್ನ ಕಡೆ ತಿರುಗದೆ, ಬಾಗಿಲನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.

ಆಮೇಲೆ ಹೇಳಿದೆ.