ಇಲ್ಲದ ಮುಳ್ಳಿಗೆ ಹಚ್ಚಿದ ಎಕ್ಕದ ಹಾಲು

ಮೊದಲು ಬಂದದ್ದು ಜೋಮು. ಎರಡೂ ಅಂಗಾಲಿಗೆ, ಒಂದೇ ಸಲ.

ಯುಗಾದಿ ಇನ್ನೂ ದೂರವಿತ್ತು. ಎಂದಿನಂತೆ ಬೆಳಿಗ್ಗೆ ಊರಿನ ಮಕ್ಕಳನ್ನು ಕರೆದುಕೊಂಡು ಕೆರೆ ಕಟ್ಟೆಯ ಕಡೆ ಹೊರಟಿದ್ದೆ. ನಮ್ಮದು ಗಡಿಯಾಚೆಯ ತೆಲುಗು ಸೀಮೆಯಲ್ಲಿ, ಕಂಬದೂರಿನ ಕಡೆಯ ಸಣ್ಣ ಊರು. ಸಂಜೆ ಜಗಲಿಯ ಮೇಲೆ ಮಕ್ಕಳಿಗೆ ಪಾಠ ಹೇಳಿಕೊಡುವುದು ನನ್ನ ಕೆಲಸ. ಬೆಳಗಿನ ನಡಿಗೆ ಕೆಲಸವಲ್ಲ, ಅದು ನನ್ನ ಚಟ. ಅದಕ್ಕೊಂದು ಕಟ್ಟಳೆ ಇದೆ. ಊರಿನ ಕೊನೆಯ ಮನೆ ದಾಟಿದ ಮೇಲೆ ಕಟ್ಟೆಯ ತುದಿಯ ಹುಣಸೆ ಮರದವರೆಗೆ ಯಾರೂ ಬಾಯಿ ಬಿಡಬಾರದು. ನೋಡಬೇಕು, ಕೇಳಿಸಿಕೊಳ್ಳಬೇಕು, ಅಷ್ಟೆ. ಮರದ ಕೆಳಗೆ ಕೂತ ಮೇಲೆ ಒಬ್ಬೊಬ್ಬರೂ ತಾವು ಕಂಡದ್ದೊಂದನ್ನು ಹೇಳಬೇಕು, ಕನ್ನಡದಲ್ಲೂ ತೆಲುಗಿನಲ್ಲೂ. ತಂಗಡಿ, ತಂಗೇಡು. ಎಕ್ಕ, ಜಿಲ್ಲೇಡು. ಆಮೇಲೆ ಪಕ್ಕದ ಬಂಡೆಯ ಮೇಲೆ ಬಳಪದ ಕಲ್ಲಿನಿಂದ ಅದರ ಚಿತ್ರ ಬರೆಯಬೇಕು. ಮಳೆ ಬಂದರೆ ಅಳಿಸಿ ಹೋಗುತ್ತದೆ. ಹೋಗಲಿ ಬಿಡಿ, ಮತ್ತೆ ಬರೆದರಾಯಿತು.

ಕಟ್ಟೆ ಹತ್ತುವಲ್ಲಿ ಗಂಗಮ್ಮನ ಕಲ್ಲಿದೆ. ಅಲ್ಲಿಂದ ಮುಂದಕ್ಕೆ ನಮ್ಮೂರಿನವರು ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಹಾಗಾಗಿ ಅಂಗಾಲಿಗೆ ನೆಗ್ಗಿಲು ಮುಳ್ಳು ಚುಚ್ಚುವುದು ನಮಗೆ ದಿನನಿತ್ಯದ ಮಾತು. ಜೋಮು ಬಂದಾಗ ನಾನು ಮುಳ್ಳೇ ಎಂದುಕೊಂಡೆ. ಎರಡು ಕಾಲಿಗೂ ಒಟ್ಟಿಗೇ ಚುಚ್ಚುವ ಮುಳ್ಳು ಯಾವ ಸೀಮೆಯಲ್ಲಿದೆ ಎಂದು ಕೇಳಿಕೊಳ್ಳುವ ಬುದ್ಧಿ ಬರಲಿಲ್ಲ.

ಮರದ ಕೆಳಗೆ ಕೂತು ಕಾಲು ಚಾಚಿದೆ. ಪಕ್ಕದ ಮನೆಯ ನಾಗವೇಣಿ ಬಂದು ಕೂತಳು. ಮೂರನೇ ಕ್ಲಾಸಿನ ಹುಡುಗಿ, ಮುಳ್ಳು ತೆಗೆಯುವುದರಲ್ಲಿ ಎತ್ತಿದ ಕೈ. ಬಳೆಗೆ ಸದಾ ಒಂದು ಪಿನ್ನು ಸಿಕ್ಕಿಸಿಕೊಂಡೇ ಇರುತ್ತಾಳೆ. ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹುಡುಕಿದಳು, ಹುಡುಕಿದಳು.

“ಮುಳ್ಳೇ ಇಲ್ಲ ಕಣಕ್ಕಾ.”

“ಒಳಕ್ಕೋಗೈತೆ ಕಣೇ, ಸರ್ಯಾಗಿ ನೋಡು.”

“ಒಳಗಿದ್ರೆ ಎಕ್ಕದ ಹಾಲು ಹಚ್ತೀನಿ ತಡಿ. ತಾನೇ ಈಚೆಗೆ ಬತ್ತದೆ. ನಮ್ಮಜ್ಜಿ ಹಂಗೇ ಮಾಡೋದು.”

ಎಲೆ ಮುರಿದು ತಂದು ಎರಡೂ ಅಂಗಾಲಿಗೆ ಹಾಲು ತೊಟ್ಟಿಕ್ಕಿಸಿದಳು. ಭಾರಿ ಡಾಕ್ಟರಮ್ಮ ನೀನು ಎಂದು ನಾನು ಛೇಡಿಸಿದೆ. ಅವಳು ನಾಚಿಕೊಂಡಳು.

ಮಾರನೇ ಬೆಳಿಗ್ಗೆ ಚಾಪೆಯಿಂದ ಏಳಲು ಹೋದೆ.

ಕಾಲು ಬರಲಿಲ್ಲ.

ನನ್ನ ಗಂಡ ಹನುಮಂತರಾಯಪ್ಪ ಕಲ್ಯಾಣದುರ್ಗಕ್ಕೆ ಸರ್ವೀಸ್ ಜೀಪು ಓಡಿಸುತ್ತಾನೆ. ಆ ದಿನ ಬೇರೆ ಪ್ಯಾಸೆಂಜರ್ ಇಲ್ಲದೆ ನನ್ನೊಬ್ಬಳನ್ನೇ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದ. ಕಲ್ಯಾಣದುರ್ಗದ ಡಾಕ್ಟರು ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಅಲುಗಲಿಲ್ಲ. ಮತ್ತೆ ತಟ್ಟಿದರು. ಅವರ ಮುಖ ಬದಲಾಯಿತು. “ಈಮಧ್ಯ ಮೋಷನ್ಸ್ ಅಯ್ಯಾಯಾ ಅಮ್ಮಾ?” ಎಂದರು. ಹೌದು, ಸ್ವಲ್ಪ ದಿನದ ಹಿಂದೆ ಭೇದಿಯಾಗಿತ್ತು. ಯಾರಿಗಾಗುವುದಿಲ್ಲ? ಕಾಲಿಗೂ ಹೊಟ್ಟೆಗೂ ಏನು ನಂಟು ಎಂದುಕೊಂಡೆ.

ನಂಟಿತ್ತು. ಹಿಂದೂಪುರದ ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರು. ಬೆನ್ನುಮೂಳೆಯ ಹತ್ತಿರ ಸೂಜಿ ಹಾಕಿ ನೀರು ತೆಗೆದರು. ಕಾಯಿಲೆಯ ಹೆಸರು ಜಿ.ಬಿ.ಎಸ್. ಅಂದರು. ಅಷ್ಟು ಹೊತ್ತಿಗೆ ಕೈಗಳೂ ಸೋತಿದ್ದವು. ಕೂದಲು ಹಿಂದಕ್ಕೆ ಸರಿಸಿಕೊಳ್ಳಲೂ ಆಗುತ್ತಿರಲಿಲ್ಲ.

“ಸೋಂಕಿನ ಮೇಲೆ ಹೋಗಬೇಕಾದ ಇಮ್ಯುನಿಟಿ ನಿಮ್ಮ ನರಗಳ ಮೇಲೇ ಬಿದ್ದಿದೆ. ಹೆಚ್ಚಿನವರು ಎದ್ದು ಓಡಾಡುತ್ತಾರೆ. ಆದರೆ ನಿಧಾನ,” ಎಂದರು ನ್ಯೂರಾಲಜಿಸ್ಟ್.

“ಬೇಲಿನೇ ಎದ್ದು ಹೊಲ ಮೇಯ್ದಂಗೆ,” ಎಂದಳು ನಮ್ಮಮ್ಮ. ಅಷ್ಟು ಸರಿಯಾಗಿ ಆ ಡಾಕ್ಟರೂ ಹೇಳಿರಲಿಲ್ಲ.

ಐ.ಸಿ.ಯು.ನಲ್ಲಿ ಸೀಲಿಂಗ್ ಬಿಟ್ಟರೆ ನೋಡಲು ಏನೂ ಇಲ್ಲ. ಉಸಿರಾಟಕ್ಕೆ ತೊಂದರೆ ಬಂದರೆ ವೆಂಟಿಲೇಟರ್ ಎಂದಿದ್ದರು. ಪುಣ್ಯಕ್ಕೆ ಅಲ್ಲಿಯವರೆಗೆ ಹೋಗಲಿಲ್ಲ. ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧಿ ಹನಿ ಹನಿಯಾಗಿ ಇಳಿಯುತ್ತಿತ್ತು. ನಾನು ಕಣ್ಣು ಮುಚ್ಚಿ ಮನೆಯಿಂದ ಹೊರಟು ಗಂಗಮ್ಮನ ಕಲ್ಲಿನವರೆಗೆ ನಡೆಯುತ್ತಿದ್ದೆ. ಅಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಯಾರಾದರೂ ಬಿ.ಪಿ. ನೋಡಲು ಬಂದುಬಿಡುತ್ತಿದ್ದರು. ಸಿಟ್ಟು ಬರುತ್ತಿತ್ತು, ಅಯ್ಯೋ, ಎಂಥಾ ಸಿಟ್ಟು! ಒಂದು ದಿನವಾದರೂ ಮರ ತಲುಪಲು ಬಿಡಲಿಲ್ಲ.

ಡಿಸ್ಚಾರ್ಜ್ ಆಗುವಾಗ ಎಕ್ಕದ ಹಾಲಿನ ಕಥೆ ಹೇಳಿದೆ. ಡಾಕ್ಟರು ನಕ್ಕರು. “ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆದರೆ ಅದು ಕಣ್ಣಿಗೆ ತಾಗಿದರೆ ಅಪಾಯ, ಮಕ್ಕಳಿಗೆ ಹೇಳಿ. ನೀವಂತೂ ಬರಿಗಾಲಲ್ಲಿ ನಡೆಯಲೇಬಾರದು. ಪಾದಕ್ಕೆ ಸ್ಪರ್ಶ ಬಂದಿಲ್ಲ, ಗಾಯವಾದರೂ ಗೊತ್ತಾಗುವುದಿಲ್ಲ,” ಎಂದರು.

ಫಿಸಿಯೋಥೆರಪಿಗೆ ಅನುಕೂಲವೆಂದು ಹಿಂದೂಪುರದ ತವರಿನಲ್ಲಿ ಉಳಿದೆ. ನಮ್ಮಮ್ಮನ ಬೀದಿಯ ತುಂಬ ಹುಣಸೆಹಣ್ಣಿನ ಅಂಗಡಿಗಳು. ಕೊಯ್ಲು ಮುಗಿಯುವ ಕಾಲ. ಹೆಂಗಸರು ಸಾಲಾಗಿ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಆ ಹುಳಿ ವಾಸನೆ ಕಿಟಕಿಯಿಂದ ಒಳಗೆ ಬಂದರೆ ಸಾಕು, ನನಗೆ ಅಳು ಬರುತ್ತಿತ್ತು. ಬೀದಿಯ ತುಂಬ ಹುಣಸೆಹಣ್ಣು, ಒಂದು ಮರವಿಲ್ಲ. ನಮ್ಮಮ್ಮ ಸಾರಿಗೆ ಹುಣಸೆಹಣ್ಣು ಹಿಂಡುವಾಗಲೂ ಕಣ್ಣೊರೆಸಿಕೊಂಡಿದ್ದೇನೆ. ಹುಚ್ಚು ಎಂದರೆ ಹುಚ್ಚೇ. ವಾಕರ್ ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ ನಡೆಯುತ್ತಿದ್ದೆ. ಪಾದದ ಕೆಳಗೆ ನೆಲವಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಣ್ಣಿಂದ ನೋಡಿ ನಂಬಬೇಕಿತ್ತು.

ಗಂಡ ಮಾತಿನವನಲ್ಲ. ‘ಹೆಂಗಿದ್ದೀಯ, ಊಟ ಆಯ್ತಾ’ ಎನ್ನುವುದರಲ್ಲಿ ಅವನ ಮಾತು ಮುಗಿಯುತ್ತದೆ. ಅಂಥವನು ಒಂದು ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದ. ಜೀಪು ಎತ್ತುವ ಮೊದಲು ತಾನೇ ಮಕ್ಕಳ ಜೊತೆ ಹೊರಟಿದ್ದಾನೆ! ಫೋನನ್ನು ಮುಂದಕ್ಕೆ ಹಿಡಿದುಕೊಂಡು, ಕಟ್ಟಳೆ ಮುರಿಯದೆ, ಬಾಯಿ ಮುಚ್ಚಿಕೊಂಡು ಕಟ್ಟೆಯ ಮೇಲೆ ನಡೆದ. ಹೆಜ್ಜೆ ಸಪ್ಪಳ, ದೂರದಲ್ಲಿ ಗೌಜಲು ಹಕ್ಕಿಯ ಕೂಗು, ಗಾಳಿ. ನಾನೂ ಈ ಕಡೆ ತುಟಿ ಬಿಚ್ಚಲಿಲ್ಲ.

“ಯಾರೂ ಮಾತಾಡ್ತಿಲ್ವಲ್ಲೇ, ಸಿಗ್ನಲ್ ಇಲ್ವಾ?” ಎಂದಳು ನಮ್ಮಮ್ಮ. ಸುಮ್ಮನಿರಮ್ಮ ಎಂದು ಕೈಸನ್ನೆ ಮಾಡಿದೆ.

ಆಮೇಲೆ ಅದು ರೂಢಿಯಾಯಿತು. ಮೊದಲ ಮಳೆ ಬಿದ್ದ ಮರುದಿನ ಲಲಿತ ಎಂಬ ಹುಡುಗಿ ಅಂಗೈ ಮೇಲೆ ಕೆಂಪು ಮಕಮಲ್ಲಿನಂಥ ಹುಳು ಇಟ್ಟುಕೊಂಡು ಫೋನಿಗೆ ತೋರಿಸಿದಳು. ತೆಲುಗಿನಲ್ಲಿ ಆರುದ್ರ ಪುರುಗು. ವರ್ಷಕ್ಕೊಂದು ಸಲ, ಕೆಲವೇ ದಿನ ಬರುತ್ತದೆ. ಅದರ ಮೃದು ಬೆನ್ನನ್ನು ಮುಟ್ಟದೆ ಈ ಮಳೆಗಾಲ ಕಳೆದುಹೋಗುತ್ತದಲ್ಲ ಎಂದು ಸಂಕಟವಾಯಿತು. ಇನ್ನೊಂದು ಸಂಕಟವೂ ಇತ್ತು. ಆ ಫೋನಿನಲ್ಲಿ ಎಷ್ಟು ಹುಡುಕಿದರೂ ನಾಗವೇಣಿ ಕಾಣುತ್ತಿರಲಿಲ್ಲ.

ಕಡಲೆಕಾಯಿ ಕೀಳುವ ಹೊತ್ತಿಗೆ ಊರಿಗೆ ಬಂದೆ. ಮಕ್ಕಳೆಲ್ಲ ಜಗಲಿಗೆ ಬಂದರು. ಒಬ್ಬಳು ಗೀಜಗನ ಹಳೇ ಗೂಡು ತಂದಿದ್ದಳು. ನಾಗವೇಣಿ ಮಾತ್ರ ಬರಲಿಲ್ಲ.

“ಅವ್ಳು ಬರಾಕಿಲ್ಲ ಕಣಕ್ಕಾ,” ಎಂದಳು ಲಲಿತ. “ಅವ್ಳು ಎಕ್ಕದ ಹಾಲು ಹಚ್ಚಿದ್ಕೇ ನಿನ್ ಕಾಲು ಬಿದ್ದೋದ್ವಂತೆ. ಅವ್ರಜ್ಜಿ ಬೈದ್ರು. ಆವತ್ತಿಂದ ಕಟ್ಟೆ ನಡಿಗೆಗೇ ಬತ್ತಿಲ್ಲ.”

ವಾಕರ್ ಎಳೆದುಕೊಂಡು ಎದ್ದೆ.

ಗೋಡೆಯ ಈಚೆಯಿಂದಲೇ ಅವಳ ಅಜ್ಜಿ ತಿಪ್ಪಕ್ಕನನ್ನು ಕೂಗಿದೆ. ಅವರು ಬಂದು ಕೈಮುಗಿದರು. “ನಮ್ಮುಡ್ಗಿ ಏನೋ ತಿಳೀದೆ ಹಚ್ಬುಟ್ಲು ಕಣಮ್ಮ. ಮನ್ಸಲ್ಲಿಟ್ಕಬ್ಯಾಡ.”

“ಅಯ್ಯೋ ತಿಪ್ಪಕ್ಕಾ, ಡಾಕ್ಟ್ರೇ ಹೇಳವ್ರೆ, ಅದ್ಕೂ ಇದ್ಕೂ ಏನೂ ಇಲ್ಲ ಅಂತ! ಹೊಟ್ಟೆ ಕೆಟ್ಟಿದ್ಕೆ ಬಂದಿದ್ದು ಇದು!”

“ನೀನು ದೊಡ್ಡೋಳು, ಹಂಗಂತೀಯ,” ಎಂದು ಕಣ್ಣೊರೆಸಿಕೊಂಡು ಹೋದರು.

ಇವರಿಗೆ ಯಾವ ರಿಪೋರ್ಟು ತೋರಿಸಲಿ? ನಾಗವೇಣಿಯನ್ನು ಕರೆಸಿದರೆ ಹಿತ್ತಲಿಂದ ಓಡಿಹೋಗುತ್ತಿದ್ದಳು. ಅಷ್ಟು ಸಣ್ಣ ಜೀವ ಇಷ್ಟು ತಿಂಗಳು ನನ್ನ ಕಾಲುಗಳನ್ನು ಹೊತ್ತುಕೊಂಡು ತಿರುಗಿದೆ. ನನಗೆ ಮಲಗಿದ್ದೇ ಕಷ್ಟವಾಗಿತ್ತು, ಅವಳಿಗೆ ಅದಕ್ಕಿಂತ ಕಷ್ಟ. ಮಾತಿನಿಂದ ಇದು ಹೋಗುವುದಿಲ್ಲ, ನಾನು ಅವಳ ಕಣ್ಣೆದುರು ನಡೆದರೆ ಮಾತ್ರ ಹೋದೀತು ಎಂಬುದು ಮನಸ್ಸಿನಲ್ಲಿ ಗಟ್ಟಿಯಾಯಿತು.

“ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಇವತ್ತಲ್ಲ ನಾಳೆ ಕಟ್ಟೆಗೆ ಹೋಯ್ತೀಯ ಬಿಡು,” ಎಂದ ಗಂಡ. ಅವನ ಲೆಕ್ಕದಲ್ಲಿ ಅದು ಭಾಷಣ.

ವಾಕರ್ ಹೋಗಿ ಕೋಲು ಬಂತು. ಒಂದು ಭಾನುವಾರ ಹೊರಟೇಬಿಟ್ಟೆ. ಮಕ್ಕಳು ಸುತ್ತ, ಗಂಡ ಹಿಂದೆ, ತಾನು ಬೇರೆ ಕೆಲಸಕ್ಕೆ ಬಂದವನ ಹಾಗೆ. ಯಾರೂ ಮಾತಾಡಲಿಲ್ಲ. ಇಬ್ಬನಿ, ತಂಗಡಿ ಹೂವು, ಕೆರೆಯಂಗಳದ ಹಸಿ ಮಣ್ಣಿನ ವಾಸನೆ. ಗಂಗಮ್ಮನ ಕಲ್ಲಿನ ಹತ್ತಿರ ಬಂದಾಗ ನನ್ನ ಕಾಲು ತಾನಾಗಿಯೇ ಚಪ್ಪಲಿ ಕಳಚಿತು. ಡಾಕ್ಟರ ಮಾತು ನೆನಪಾದದ್ದು ಕಟ್ಟೆ ಹತ್ತಿದ ಮೇಲೆ.

“ಅಮ್ಮಾ!”

ಕಿರುಚಿದ್ದು ನಾನೇ. ಎಡ ಹಿಮ್ಮಡಿಯಲ್ಲಿ ಚುಳ್ಳೆಂದಿತು. ನೋವು. ಸ್ಪಷ್ಟವಾದ, ಚೂಪಾದ, ಅಪ್ಪಟ ನೋವು! ಅಲ್ಲೇ ಕುಸಿದು ಕೂತೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಗಂಡ ಓಡಿ ಬಂದ. ಮಕ್ಕಳು ಹೆದರಿ ನಿಂತರು.

ಕಟ್ಟೆಯ ಕೆಳಗೆ ಅಜ್ಜಿಯ ಮೇಕೆಗಳನ್ನು ಮೇಯಿಸುತ್ತಿದ್ದ ನಾಗವೇಣಿ ಕೂಗು ಕೇಳಿ ಓಡಿ ಬಂದವಳು, ನನ್ನನ್ನು ಕಂಡು ಅರ್ಧದಲ್ಲೇ ನಿಂತಳು.

“ಬಾರೇ ಇಲ್ಲಿ. ಮುಳ್ಳು ಕಣೇ.”

ಬಂದಳು. ನನ್ನ ಮುಖ ನೋಡಲಿಲ್ಲ. ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬಳೆಯಿಂದ ಪಿನ್ನು ತೆಗೆದಳು.

“ಐತೆ ಕಣಕ್ಕಾ,” ಎಂದಳು ಮೆಲ್ಲಗೆ. “ಈ ಸಲ ಐತೆ.” ತೆಗೆದ ನೆಗ್ಗಿಲು ಮುಳ್ಳನ್ನು ಅಂಗೈ ಮೇಲಿಟ್ಟು ಎಲ್ಲರಿಗೂ ತೋರಿಸಿದಳು.

“ತುದಿ ಮುರ್ದು ಒಳ್ಗೇ ಉಳ್ದಿದ್ರೆ? ಹಾಲು ಹಚ್ಚು.”

ಅವಳು ಕೈ ಹಿಂದಕ್ಕೆಳೆದುಕೊಂಡಳು. “ಬ್ಯಾಡಕ್ಕಾ.”

“ಹಚ್ಚೇ. ಕಣ್ಣಿಗೆ ಕೈ ಮುಟ್ಟಿಸ್ಕಬ್ಯಾಡ, ಆಮೇಲೆ ತೊಳ್ಕೊ. ಹಚ್ಚು.”

ಎದ್ದು ಹೋಗಿ ಎಕ್ಕದ ಎಲೆ ಮುರಿದು ತಂದಳು. ಹಿಮ್ಮಡಿಯ ಮೇಲೆ ಒಂದು ಹನಿ ಬಿತ್ತು. ತಣ್ಣಗಿತ್ತು. ತಣ್ಣಗಿದೆಯೆಂದು ನನಗೆ ಗೊತ್ತಾಯಿತು.

ಆ ದಿನ ಹುಣಸೆ ಮರದವರೆಗೆ ಹೋಗಲಾಗಲಿಲ್ಲ. ಅಲ್ಲಿಂದಲೇ ನೋಡಿ ವಾಪಸ್ ಬಂದೆವು. ಇವತ್ತಿಗೂ ಬಲಗಾಲಿನ ಬೆರಳುಗಳಿಗೆ ಪೂರ್ತಿ ಸ್ಪರ್ಶವಿಲ್ಲ. ಬಂದರೆ ಬರಲಿ. ಬಂದಿರುವಷ್ಟಕ್ಕೇ ಆ ಡಾಕ್ಟರುಗಳಿಗೂ ಗಂಗಮ್ಮನಿಗೂ ಕೈಮುಗಿಯುತ್ತೇನೆ.

ಮಾರನೇ ಬೆಳಿಗ್ಗೆ ಎಚ್ಚರವಾದಾಗ ಬಾಗಿಲಲ್ಲಿ ಯಾರೋ ಇದ್ದರು. ನಾಗವೇಣಿ. ತಲೆ ಬಾಚಿಲ್ಲ, ಮುಖ ತೊಳೆದಿಲ್ಲ, ಹೊಸ್ತಿಲ ಮೇಲೆ ಕೂತು ನನ್ನ ಕಾಲನ್ನೇ ನೋಡುತ್ತಿದ್ದಾಳೆ. ಅವಳು ಯಾಕೆ ಬಂದಿದ್ದಾಳೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ನನಗೂ ಭಯವಾಯಿತು. ಗೋಡೆ ಹಿಡಿದೆ. ಮಂಡಿ ಊರಿದೆ. ಎದ್ದು ನಿಂತೆ.

“ಕಾಲು ಬಂದ್ವಾ ಅಕ್ಕಾ?”

“ಬಂದ್ವು ಕಣೇ.”

ಮೂಲೆಯಲ್ಲಿದ್ದ ಕೋಲನ್ನು ತಂದು ನನ್ನ ಕೈಗೆ ಕೊಟ್ಟಳು. “ಹಂಗಾದ್ರೆ ನಡಿ,” ಎಂದಳು.