ಅಲ್ಲಿ ಹಾದಿಯಿಲ್ಲ

ಧಾರವಾಡದಲ್ಲಿ ಈಗ ಯಾರೂ ನಡೆಯುವುದಿಲ್ಲ. ಎಲ್ಲರೂ ಚಾರಣ ಮಾಡುತ್ತಾರೆ. ನಡೆಯುವುದಕ್ಕೆ ಒಂದು ಜೊತೆ ಚಪ್ಪಲಿ, ಅದೂ ಇಲ್ಲದಿದ್ದರೆ ಒಂದು ಜೊತೆ ಕಾಲು ಸಾಕಾಗುತ್ತಿತ್ತು. ಚಾರಣಕ್ಕೆ ಬೂಟು ಬೇಕು, ಬೆನ್ನಿಗೆ ಚೀಲ ಬೇಕು, ಚೀಲದಿಂದ ಬಾಯಿಗೆ ನೀರು ತರುವ ಕೊಳವೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಮೊಬೈಲಿನಲ್ಲಿ ಒಂದು ನೀಲಿ ಗೆರೆ ಬೇಕು. ಆ ಗೆರೆ ಎಡಕ್ಕೆ ತಿರುಗಿದರೆ, ಎದುರಿಗೆ ಬಾಯಿ ತೆರೆದ ಬಾವಿಯೇ ಇದ್ದರೂ, ಚಾರಣಿಗರು ಎಡಕ್ಕೆ ತಿರುಗುತ್ತಾರೆ. ಭಾನುವಾರ ಬೆಳಿಗ್ಗೆ ನಮ್ಮ ಓಣಿಯಿಂದ ಹೊರಡುವ ಇಂಥ ತಂಡಗಳನ್ನು ಕಾಂಪೌಂಡಿನ ಒಳಗೆ ನಿಂತು, ಹಲ್ಲುಜ್ಜುತ್ತ, ನೋಡಿ ನೋಡಿ ಸಿಟ್ಟಾಗುವುದೇ ನಿವೃತ್ತಿಯ ನಂತರ ನಾನು ತಪ್ಪದೆ ಮಾಡುತ್ತಿರುವ ವ್ಯಾಯಾಮ.

ಸಿಟ್ಟಿಗೆ ಕಾರಣ ಬೂಟಲ್ಲ, ಆ ಮುಖಗಳ ಮೇಲಿನ ನಿಶ್ಚಿಂತೆ. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವನು. ಪ್ರಮಾಣವಿಲ್ಲದೆ ಏನನ್ನೂ ಒಪ್ಪಬೇಡಿರೆಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ, ಹಾಲಿನವನು ಇವತ್ತು ಗುರುವಾರ ಎಂದರೂ ಒಳಗೆ ಹೋಗಿ ಕ್ಯಾಲೆಂಡರ್ ನೋಡಿಕೊಂಡು ಬರುವ ಹಂತ ತಲುಪಿದವನು. ಮಳೆಗಾಲದ ಆರಂಭದಲ್ಲಿ ಈ ಸಿಟ್ಟು ತಡೆಯಲಾರದೆ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಲೇಖನವನ್ನೇ ಬರೆದೆ. ನಾನು ಮತ್ತು ನನ್ನ ಹೆಂಡತಿ ಗಿರಿಜಾ ಮದುವೆಯಾದ ಹೊಸತರಲ್ಲಿ ಹಳಿಯಾಳ ರಸ್ತೆಯಲ್ಲಿ ಬಸ್ಸಿಳಿದು, ಹೊಲಗಳನ್ನು ಓರೆಯಾಗಿ ಹಾದು, ಸಾಗವಾನಿ ಕಾಡಿನ ಅಂಚು ಹಿಡಿದು, ಕೆರೆಯ ಕಾಲುವೆ ಹಳ್ಳಕ್ಕೆ ಬೀಳುವ ಜಾಗದವರೆಗೆ ಹೋಗುತ್ತಿದ್ದ ಕಾಲುದಾರಿಯ ವರ್ಣನೆ ಅದು. ನೀಲಿ ಗೆರೆಯಿಲ್ಲದೆ ಮನುಷ್ಯರು ಹೇಗೆ ನಡೆಯುತ್ತಿದ್ದರೆಂದು ಹೊಸ ತಲೆಮಾರಿಗೆ ತಿಳಿಸುವ ಘನ ಉದ್ದೇಶ ನನ್ನದಾಗಿತ್ತು.

ಲೇಖನ ಅಚ್ಚಾಗಿ ಕೆಲವು ದಿನ ಕಳೆದಿತ್ತು. ಒಂದು ಸಂಜೆ ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಹೋದವನು ಬದನೆಕಾಯಿ ಕೊಂಡು, ಹವೆ ತಂಪಾಗಿದೆಯೆಂದು ಖುಷಿಪಡುತ್ತ, ನಡೆದೇ ಮನೆಗೆ ಬಂದೆ. ಮರುದಿನ ಸ್ಕೂಟರು ಕಾಣಲಿಲ್ಲ. ಕಳವಾಗಿದೆಯೆಂದು ಓಣಿಯವರನ್ನೆಲ್ಲ ಸೇರಿಸಿ, ನಾಗರಿಕ ಸಮಾಜದ ಅವನತಿಯ ಬಗ್ಗೆ ಮಾತನಾಡಿ, ಪೊಲೀಸ್ ಠಾಣೆಗೆ ಹೊರಟಿದ್ದೆ. ಬಾಗಿಲಲ್ಲಿ ಗಿರಿಜಾ ತಡೆದಳು. "ನಿನ್ನೆ ಬದನಿಕಾಯಿ ತರೂಮುಂದ ಹ್ಯಾಂಗ ಬಂದ್ರಿ?" ಎಂದಳು, ಅಷ್ಟೇ. ಸ್ಕೂಟರು ಕಾಯಿಪಲ್ಲೆ ಸಾಲಿನ ಮುಂದೆ, ನಿಲ್ಲಿಸಿದಲ್ಲಿಯೇ, ಮೇಲೊಂದು ಕೋಳಿ ಕೂಡಿಸಿಕೊಂಡು ನಿಂತಿತ್ತು.

ಇಂಥದು ಎಲ್ಲರಿಗೂ ಆಗುತ್ತದೆ ಎಂದು ನಾನು ವಾದಿಸಿದೆ. ಆಗುತ್ತದೆ, ನಿಜ. ಆದರೆ ಆಮೇಲೆ ನಾನು ಒಲೆಯ ಮೇಲೆ ಹಾಲಿಟ್ಟು ಮರೆತೆ, ಕೈಮುಗಿದು ನಿಂತ ಹಳೆಯ ವಿದ್ಯಾರ್ಥಿಯನ್ನು ವಿದ್ಯುತ್ ಬಿಲ್ಲಿನವನೆಂದು ತಿಳಿದು ಮೀಟರ್ ತೋರಿಸಿದೆ. ಅಲ್ಲಿಂದ ಗಿರಿಜಾಳದು ಒಂದೇ ಪಟ್ಟು. "ಸೋಮವಾರ ಹುಬ್ಬಳ್ಳಿಗೆ ಹೋಗೋಣ್ರಿ. ತಲಿ ಡಾಕ್ಟರಿಗೆ ಒಮ್ಮೆ ತೋರಸೋಣು." ಬೆಳಿಗ್ಗೆ ಚಹಾದೊಂದಿಗೆ ಸೋಮವಾರ, ಊಟದಲ್ಲಿ ರೊಟ್ಟಿಯ ಜೊತೆಗೆ ಸೋಮವಾರ. ನನಗೆ ಡಾಕ್ಟರರ ಭಯವಿರಲಿಲ್ಲ. ಅವರು ಏನು ಹೇಳಬಹುದೆಂಬ ಭಯವಿತ್ತು. ಮರೆವಿಗೆ ಒಮ್ಮೆ ಒಂದು ಹೆಸರಿಟ್ಟುಬಿಟ್ಟರೆ ಅದು ಮನೆಯಲ್ಲಿಯೇ ಉಳಿಯುತ್ತದೆ, ನೆಂಟರಂತೆ.

ಕೊನೆಗೆ ನಾನೇ ಒಂದು ಪಂಥ ಮುಂದಿಟ್ಟೆ. ಲೇಖನದಲ್ಲಿ ಬರೆದ ಆ ಹಾದಿಯನ್ನು ಮೊಬೈಲು ನೋಡದೆ, ಯಾರನ್ನೂ ಕೇಳದೆ ಹುಡುಕಿ ಹಳ್ಳ ಮುಟ್ಟಿಸುತ್ತೇನೆ. ಮುಟ್ಟಿಸಿದರೆ ಸೋಮವಾರ ರದ್ದು, ದಾರಿ ತಪ್ಪಿದರೆ ತಲೆಯನ್ನು ಹುಬ್ಬಳ್ಳಿಗೆ ಒಪ್ಪಿಸುತ್ತೇನೆ. ಗಿರಿಜಾ ಒಪ್ಪಿದಳು. ಒಪ್ಪುವಾಗ ಒಂದು ಮಾತು ಸೇರಿಸಿದಳು: "ಆದ್ರ ನಾವು ಹೊಲದಾಗ ಹೋಗ್ತಿದ್ದಿಲ್ಲ ಬಿಡ್ರಿ. ರಸ್ತೆಯಿಂದ ಕಾಲುವಿ ದಂಡಿ ಹಿಡದು ಹೋಗ್ತಿದ್ವಿ." ಪ್ರತಿವಾದಿಯ ನೆನಪು ದುರ್ಬಲವಾಗಿರುವುದು ನನಗೆ ಅನುಕೂಲವೇ ಆಗಿತ್ತು.

ಇಲ್ಲಿ ನಮ್ಮ ಸೀಮೆಯ ಕಾಲುದಾರಿಯ ಒಂದು ಪದ್ಧತಿಯನ್ನು ಹೇಳಬೇಕು. ಹೊಲದ ನಡುವೆ ಹಾಯುವ ಹಾದಿಯನ್ನು ಇಲ್ಲಿ ಯಾರೂ ಬಿಟ್ಟು ಉಳುವುದಿಲ್ಲ. ಮುಂಗಾರಿಗೆ ರಂಟೆ ಹೊಡೆಯುವವನು ಹಾದಿಯನ್ನೂ ಸೇರಿಸಿ ಹೊಡೆಯುತ್ತಾನೆ, ಬಿತ್ತುವವನು ಹಾದಿಯ ಮೇಲೂ ಬಿತ್ತುತ್ತಾನೆ. ಮರುದಿನದಿಂದ ನಡೆಯುವವರು ಬಂದು, ಅದೇ ಓರೆಗೆ, ಮೊಳಕೆಯನ್ನು ತುಳಿದು ತುಳಿದು ಮತ್ತೆ ಹಾದಿ ಮಾಡುತ್ತಾರೆ. ಇವರು ಅವರನ್ನು ಬಯ್ಯುವುದಿಲ್ಲ, ಅವರು ಇವರನ್ನು ಬಯ್ಯುವುದಿಲ್ಲ. ವರ್ಷಕ್ಕೊಮ್ಮೆ ಅಳಿಸಿ, ವರ್ಷಕ್ಕೊಮ್ಮೆ ಬರೆಯುವ ಈ ಹಾದಿ ನೆಲದ ಮೇಲಿರುವುದಕ್ಕಿಂತ ನಡೆಯುವವರ ಕಾಲಿನಲ್ಲಿರುತ್ತದೆ. ಕಾಲುಗಳು ಮೋಟಾರ್ ಸೈಕಲ್ ಏರಿದ ವರ್ಷ ಹಾದಿ ಸುಮ್ಮನೆ ಬೆಳೆಯಾಗಿಬಿಡುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಲೇಖನದಲ್ಲಿ ಸೊಗಸಾಗಿ ಬರೆದೂ ಇದ್ದೆ. ಗೊತ್ತಿರುವುದು ಬೇಕಾದ ಹೊತ್ತಿಗೆ ತಲೆಗೆ ಬರುವುದು ಬೇರೆಯೇ ವಿದ್ಯೆ.

ಶ್ರಾವಣದ ಒಂದು ಭಾನುವಾರ ಬಸ್ಸಿಳಿದೆವು. ರಾತ್ರಿ ಮಳೆ ಬಂದು ನಿಂತಿತ್ತು. ರಸ್ತೆಯ ಬದಿಯಲ್ಲಿ ನನ್ನ ನೆನಪಿನ ಯಾವ ಗುರುತೂ ಇರಲಿಲ್ಲ. ಅಲ್ಲಿ ಒಂದು ದಾಬಾ, ಎರಡು ಲೇಔಟಿನ ಕಮಾನು, ಇಲ್ಲದ ಊರಿಗೆ ಸ್ವಾಗತ ಬಯಸುವ ಒಂದು ಫಲಕ. ಗಿರಿಜಾ ಕೊಡೆಯನ್ನು ಕೋಲಿನಂತೆ ಊರಿ, ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಕಾದಳು. ನಾನು ಅತ್ತಿತ್ತ ನಡೆದೆ. ಆಗ, ಬೇಲಿಯ ಸಂದಿಯೊಂದರ ಆಚೆ, ಹಸಿರು ಸೋಯಾಬೀನಿನ ಹೊಲವನ್ನು ಓರೆಯಾಗಿ ಸೀಳಿಕೊಂಡು ಕಾಡಿನಂಚಿನವರೆಗೆ ಹೋಗುವ ಸಣ್ಣ ಕಾಲುದಾರಿ ಕಣ್ಣಿಗೆ ಬಿತ್ತು. ನಾನು ಬರೆದಿದ್ದಂತೆಯೇ! ಅದೇ ಓರೆ, ಮಾವಿನ ಮರದ ಬಲಕ್ಕೆ ಅದೇ ಬಾಗು. ಜೀವಮಾನವಿಡೀ ಪ್ರಮಾಣ ಕೇಳಿದವನಿಗೆ ಪ್ರಮಾಣವೇ ಬಂದು ಕಾಲಿಗೆ ಬಿದ್ದಿತ್ತು.

"ಇದ ನೋಡು ಹಾದಿ! ಇದ!" ಎಂದು ಕೂಗಿದೆ. "ಸೋಮವಾರ ಹೋತು! ಹುಬ್ಬಳ್ಳಿ ಹೋತು!"

ಗಿರಿಜಾ ಹಾದಿಯನ್ನೇ ನೋಡುತ್ತ ನಿಂತಳು. ಅವಳ ಮುಖ ಬಿಳಚಿಕೊಂಡಿತು. ಸೋತದ್ದಕ್ಕೆಂದು ತಿಳಿದು, ದೊಡ್ಡ ಮನಸ್ಸಿನಿಂದ ಕೈ ಹಿಡಿದು ಹೊಲಕ್ಕೆ ಇಳಿಸಿದೆ. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಬದುವಿನ ಕಡೆಯಿಂದ ಒಂದು ದನಿ ಬಂತು.

"ಏ ಯಣ್ಣಾ! ಮತ್ತ ಬಂದ್ರೇನ್ರಿ? ಹೋದ ವಾರ ತುಳದದ್ದು ಸಾಲಲಿಲ್ಲೇನು?"

ಕಳೆ ತೆಗೆಯುತ್ತಿದ್ದ ಹೆಂಗಸು ಕುಡುಗೋಲು ಹಿಡಿದುಕೊಂಡೇ ಎದ್ದು ಬಂದಳು. ಹೆಸರು ಶಾಂತವ್ವ, ಹೊಲ ಅವಳದೇ. ನಾನು ತರಗತಿಯ ದನಿಯಲ್ಲಿ, ಇದು ಪುರಾತನವಾದ ವಹಿವಾಟಿನ ಹಾದಿ, ನಾವು ಯೌವನದಲ್ಲಿ ಇಲ್ಲಿಯೇ ನಡೆದವರು ಎಂದು ತಿಳಿಸಿದೆ.

"ಎಲ್ಲೀ ಪುರಾತನ್ರಿ? ಎರಡು ತಿಂಗಳಾತು ಇದು ಹುಟ್ಟಿ," ಎಂದಳು ಶಾಂತವ್ವ. "ಯಾವನೋ ಮಾಸ್ತರ ಪೇಪರಿನಾಗ ಬರದಾನಂತ, ಇಲ್ಲಿ ಹಾದಿ ಐತಿ ಅಂತ. ಆವತ್ತಿನಿಂದ ಆಯಿತವಾರ ಬಂತಂದ್ರ ಬೂಟಿನ ಮಂದಿ ಬರ್ತಾರ. ಮೊಬೈಲ್ ತೋರಸ್ತಾರ, ನಗ್ತಾರ, ನನ್ನ ಸೋಯಾ ತುಳೀತಾರ. ಆ ಮಾಸ್ತರ ಸಿಗಲಿ ಒಮ್ಮೆ ನನ್ನ ಕೈಯಾಗ."

ನಾನು ಮಾವಿನ ಮರದ ಎಲೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಆದರೆ ಸತ್ಯಕ್ಕೆ ನನ್ನ ಮನೆಯಲ್ಲಿಯೇ ಒಂದು ಸಾಕ್ಷಿ ಇತ್ತು.

"ಇವರ ನೋಡವಾ ಆ ಮಾಸ್ತರ," ಎಂದಳು ಗಿರಿಜಾ.

ಶಾಂತವ್ವ ನನ್ನನ್ನು ಚಪ್ಪಲಿಯಿಂದ ಟೋಪಿಯವರೆಗೆ ನೋಡಿದಳು. ಬಯ್ಯುವಳೆಂದು ಕಾದೆ, ಅವಳು ನಕ್ಕುಬಿಟ್ಟಳು, ಅದು ಇನ್ನೂ ಕಷ್ಟವಾಗಿತ್ತು. "ಇಷ್ಟ ಅದೀರೇನ್ರೀ? ನಾ ಯಾರೋ ದೊಡ್ಡ ಮನಶ್ಯಾ ಅಂತ ಮಾಡಿದ್ದೆ." ಸೋತ ದನಿಯಲ್ಲಿ ಕೇಳಿದೆ: ಹಾಗಾದರೆ ಹಳೆಯ ಹಾದಿ ಎಲ್ಲಿತ್ತು? "ಬದುವಿನ ಮ್ಯಾಲೆ ಇತ್ತು," ಎಂದಳು. ಆಮೇಲೆ ತಾನೇ ಅನುಮಾನಿಸಿ, ಆಚೆ ಎತ್ತು ಕಟ್ಟುತ್ತಿದ್ದ ಗಂಡನನ್ನು ಕೂಗಿ ಕೇಳಿದಳು. ಅವನು ಅಲ್ಲಿಂದಲೇ, "ಹಾದಿ ಎಲ್ಲಿತ್ತಲೇ ಇಲ್ಲಿ? ಮಾವಿನ ಗಿಡದ ಆಚೀಕ ಇತ್ತು," ಎಂದ. ಇಬ್ಬರಿಗೂ ಸಣ್ಣ ಜಗಳ ಹತ್ತಿತು. ಮದುವೆಯಾದ ವರ್ಷ ಶಾಂತವ್ವ ಬುತ್ತಿ ತಂದದ್ದು ಯಾವ ಹಾದಿಯಲ್ಲಿ ಎಂಬಲ್ಲಿಗೆ ಅದು ಹೋದಾಗ ನಾವು ಮೆಲ್ಲನೆ ಸರಿದೆವು. ಹಿಂದಿನಿಂದ ಶಾಂತವ್ವ ಕೂಗಿದಳು: "ಮಾಸ್ತರ, ಇನ್ನೊಮ್ಮೆ ಬರೀರಿ! ಅಲ್ಲಿ ಹಾದಿ ಇಲ್ಲ ಅಂತ ಬರೀರಿ!"

ಬರೆಯುತ್ತಿದ್ದೇನೆ. ಓದುಗರೇ, ಅಲ್ಲಿ ಹಾದಿಯಿಲ್ಲ. ದಯವಿಟ್ಟು ಬದುವಿನ ಮೇಲೆ ನಡೆಯಿರಿ.

ನಾವು ಬದುವಿನ ಮೇಲೆ ನಡೆದೆವು. ನನ್ನ ಕಿರಿಕಿರಿಗೆ ಪಾರವಿರಲಿಲ್ಲ. ನಾನು ನೆನಪಿನಿಂದ ಹಾದಿಯನ್ನು ಬರೆದಿದ್ದೆ; ಬರೆದದ್ದನ್ನು ಜನ ನೆಲದ ಮೇಲೆ ತುಳಿದಿದ್ದರು; ತುಳಿದದ್ದನ್ನು ನೋಡಿ ನಾನು ನನ್ನ ನೆನಪು ಸರಿಯೆಂದು ಕುಣಿದಿದ್ದೆ. ಇಂಥ ವಾದವನ್ನು ಯಾವ ವಿದ್ಯಾರ್ಥಿಯಾದರೂ ಬರೆದಿದ್ದರೆ ಸೊನ್ನೆ ಹಾಕಿ, ಹಾಳೆಯ ಅಂಚಿನಲ್ಲಿ ಕೆಂಪು ಮಸಿಯಿಂದ ಬಯ್ದಿರುತ್ತಿದ್ದೆ. ಕಾಡಿನ ಅಂಚು ಬಂತು, ಸಾಗವಾನಿಯ ಅಗಲ ಎಲೆಗಳಿಂದ ನಿಂತ ಮಳೆ ಇನ್ನೂ ತೊಟ್ಟಿಕ್ಕುತ್ತಿತ್ತು. ಕಾಲುವೆ ಸಿಕ್ಕಿತು, ಅದರ ದಂಡೆ ಹಿಡಿದು ಹಳ್ಳವೂ ಸಿಕ್ಕಿತು. ಕೆಂಪು ನೀರು ಕಲ್ಲುಗಳ ನಡುವೆ ಏನನ್ನೋ ಗೊಣಗುತ್ತ ಹೋಗುತ್ತಿತ್ತು. ಮುಟ್ಟಿದೆವಲ್ಲ, ಪಂಥ ಗೆದ್ದೆನೋ ಸೋತೆನೋ ನೀನೇ ಹೇಳು ಎಂದು ಗಿರಿಜಾಳತ್ತ ತಿರುಗಿದೆ.

ಅವಳು ಕಲ್ಲಿನ ಮೇಲೆ ಕುಳಿತು ಕೊಡೆಯ ತುದಿಯಿಂದ ನೀರನ್ನು ಕಲಕುತ್ತಿದ್ದಳು. "ಆ ಹಾದಿ ನೋಡಿದ ಕೂಡಲೆ ನನಗೂ ಹಂಗ ಅನಸ್ತು ರೀ," ಎಂದಳು. "ಹೌದು, ನಾವು ಇಲ್ಲೇ ಹೋಗ್ತಿದ್ವಿ ಅಂತ. ಕಾಲುವಿ ದಂಡಿ ಅಂತ ಇಷ್ಟು ದಿನ ಖರೇ ಅನಕೊಂಡಿದ್ದೆ. ಒಂದು ನಿಮಿಷದಾಗ ಅದು ಹೋಗೇ ಬಿಡ್ತು. ಅದಕ ಅಂಜಿಕಿ ಬಂತು."

"ಅದಕ್ಯಾಕ ಅಂಜಿಕಿ? ಎಲ್ಲಾರಿಗೂ ಹಂಗ ಆಕ್ಕೇತಿ."

"ಆಕ್ಕೇತಿ. ಆದ್ರ ಮೊನ್ನೆ ತಂಗಿಗೆ ಫೋನ್ ಹಚ್ಚಿ, ಆಕಿ ಹಲೋ ಅಂದ ಮ್ಯಾಲೆ, ಯಾರಿಗೆ ಹಚ್ಚೇನಿ ಅಂತ ತಿಳೀಲಿಲ್ಲ ರೀ ನನಗ. ದನಿ ಗುರ್ತು ಹತ್ತಲಿಲ್ಲ. ಫೋನ್ ಇಟ್ಟುಬಿಟ್ಟೆ." ಕೊಡೆ ನಿಂತಿತು. "ನಿಮ್ಮ ಸ್ಕೂಟರ್ ಬಿಡ್ರಿ. ಮರವು ನಿಮಗ ಮದಲಿಂದಲೂ ಐತಿ. ಡಾಕ್ಟರ ಕಡೆ ಒಬ್ಬಾಕಿ ಹ್ಯಾಂಗ ಹೋಗ್ಲಿ ಅಂತ ನಿಮ್ಮನ್ನ ಎಬ್ಬಸಾಕ ಹತ್ತಿದ್ದೆ."

ಇಷ್ಟು ದಿನ ನಾನು ಎದುರಾಳಿಯೆಂದು ತಿಳಿದಿದ್ದವಳು ಜೊತೆಗಾರನನ್ನು ಹುಡುಕುತ್ತಿದ್ದಳು. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಇದ್ದರೂ ಆ ಹೊತ್ತಿಗೆ ನನಗೆ ನೆನಪಾಗಲಿಲ್ಲ. ಹಳ್ಳದ ದಂಡೆಯಲ್ಲಿಯೇ ನಿಂತು, ಸಿಗ್ನಲ್ ಸಿಗುವ ಕಲ್ಲೊಂದನ್ನು ಹುಡುಕಿ ಹತ್ತಿ, ಹುಬ್ಬಳ್ಳಿಯ ಕ್ಲಿನಿಕ್ಕಿಗೆ ಫೋನು ಮಾಡಿದೆ. ಸೋಮವಾರ ಬರುತ್ತೇವೆ ಎಂದೆ. ಆ ಕಡೆಯ ಹುಡುಗಿ ಕೇಳಿದಳು: "ಪೇಶಂಟ್ ಯಾರ್ರೀ? ಜೋಡಿ ಬರೋರು ಯಾರು?"

"ಇಬ್ಬರೂ ಪೇಶಂಟ್, ಇಬ್ಬರೂ ಜೋಡಿ ಬರೋರು."

"ಹಂಗ ಬರಕೊಳ್ಳಾಕ ಬರೂದಿಲ್ರಿ, ಕಾಕಾ. ನಡದದ್ದೆಲ್ಲಾ ನೆನಪಿಟ್ಟು ಹೇಳೋರು ಒಬ್ಬರು ಬೇಕ್ರಿ."

ಕೆಳಗೆ ಕಲ್ಲಿನ ಮೇಲಿಂದ ಗಿರಿಜಾ ಏನಂತಾರೆ ಎಂದು ಕೈಯಲ್ಲಿಯೇ ಕೇಳಿದಳು. ಹುಡುಗಿಗೆ ಸ್ವಲ್ಪ ಹೊತ್ತಿಗೆ ಮತ್ತೆ ಮಾಡುತ್ತೇನವ್ವಾ ಎಂದು ಹೇಳಿ, ಇಳಿದು ಹೋಗಿ, ಅವಳ ಪಕ್ಕದಲ್ಲಿ ಕುಳಿತೆ. ಅರ್ಧ ಅರ್ಧ ಹೇಳೋಣ ಎಂದು ಇಬ್ಬರೂ ಒಪ್ಪಿಕೊಂಡೆವು.